ಕಾಲುವೆಪುರದ ಹೆಂಗಸರು ಸಂಜೆ ಬಸ್ಸು ತರಿಸಿದ ಕಥೆ

ನಂಜನಗೂಡು ತಾಲ್ಲೂಕಿನ ಕಾಲುವೆಪುರದಿಂದ ತಾಂಡ್ಯದ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಬಹಳ ಮಂದಿ. ಬೆಳಿಗ್ಗೆ ಹೋಗುವಾಗ ತೊಂದರೆಯಿಲ್ಲ. ಬೆಳಕಿರುತ್ತದೆ. ಮಾತಾಡಿಕೊಂಡು ಮೇನ್ ರೋಡಿನಲ್ಲಿ ಬಸ್ಸು ನಿಲ್ಲುವ ಗೇಟ್‌ವರೆಗೆ ನಡೆದು ಬಸ್ಸು ಹತ್ತುತ್ತಾರೆ. ತೊಂದರೆಯೆಲ್ಲ ವಾಪಸ್ ಬರುವಾಗ. ಸಂಜೆ ಬಸ್ಸು ಅವರನ್ನು ಗೇಟಿನಲ್ಲಿ ಇಳಿಸಿ ಹುಲ್ಲಹಳ್ಳಿ ಕಡೆಗೆ ಹೋಗಿಬಿಡುತ್ತದೆ. ಅಲ್ಲಿಂದ ಊರಿಗೆ ಕಾಲುವೆ ಏರಿಯ ಮೇಲೆ ನಡೆಯಬೇಕು. ಒಂದು ಕಡೆ ನೀರು, ಇನ್ನೊಂದು ಕಡೆ ಆಳೆತ್ತರದ ಕಬ್ಬು. ಒಂದು ಲೈಟೂ ಇಲ್ಲ.

ಚಿಕ್ಕಮಾದುವಿನ ಮಗಳು ಕವನ ನೂಲಿನ ಫ್ಯಾಕ್ಟರಿಯೊಂದರಲ್ಲಿ ಮಷೀನ್ ಆಪರೇಟರ್. ಪಕ್ಕದ ಮನೆ ರಂಜಿನಿಗೂ ಅಲ್ಲಿಯೇ ಕೆಲಸ. ಕಾರ್ತಿಕ ಮಾಸದ ಒಂದು ಸಂಜೆ ಇಬ್ಬರೂ ಏರಿ ಮೇಲೆ ಬರುತ್ತಿದ್ದರು. ಕಬ್ಬಿನ ಗರಿ ಸರಸರ ಅಂದಿತು. ನಾಯಿ ಇರಬೇಕು ಎಂದುಕೊಂಡು ಕವನ ಮೊಬೈಲ್ ಟಾರ್ಚ್ ಬಿಟ್ಟಳು. ಹೊಳೆಯುವ ಎರಡು ಕಣ್ಣು ಕಂಡವು. ಚಿರತೆ. ಅದು ದಾರಿಗೆ ಬಂದು ಮತ್ತೆ ಕಬ್ಬಿನೊಳಗೇ ಹೋಯಿತು, ಅಷ್ಟೇ. ಆದರೆ ಅಷ್ಟರಲ್ಲಿ ರಂಜಿನಿ ಚೀರಿಕೊಂಡು ಓಡಿ, ಏರಿಯಿಂದ ಕೆಳಗಿನ ಕಲ್ಲಿನ ಮೇಲೆ ಬಿದ್ದಿದ್ದಳು. ಬಲಗೈ ಮುರಿಯಿತು.

ಅರಣ್ಯ ಇಲಾಖೆಯವರು ಬಂದು ಬೋನು ಇಟ್ಟರು. ಚಿರತೆ ಬೋನಿಗೆ ಬೀಳಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದ ಹೆಣ್ಣುಮಕ್ಕಳೇ ಮನೆಯೊಳಗೆ ಬಿದ್ದರು. ಒಬ್ಬೊಬ್ಬ ಅಪ್ಪನೂ, ಒಬ್ಬೊಬ್ಬ ಗಂಡನೂ ಕೆಲಸ ಬಿಡಿಸಿದ.

"ನಾಳಿಂದ ನೀನು ಓಗ್ಬೇಡ," ಎಂದ ಚಿಕ್ಕಮಾದು.

"ಅಪ್ಪ, ಹೊಸ ಮಷೀನು ನನ್ ಕೈಗೆ ಕೊಟ್ಟವ್ರೆ. ಈಗ್ಲೇ ಬಿಟ್ರೆ ಬೇರೆಯವ್ರನ್ನ ಹಾಕ್ಕತಾರೆ."

"ಆಕ್ಕಳ್ಲಿ. ಮಷೀನ್ ಓದ್ರೆ ಇನ್ನೊಂದ್ ಬತ್ತದೆ. ನೀನ್ ಓದ್ರೆ?"

ಕವನ ಒಳಗೆ ಹೋಗಿ ಯೂನಿಫಾರಂ ಮಡಚಿಟ್ಟಳು. ತಾಯಿ ಮಾದಮ್ಮನಿಗೆ ಗಂಡ ಹೇಳಿದ್ದು ಸರಿ ಅನ್ನಿಸುತ್ತಿತ್ತು, ಮಗಳ ಮುಖ ನೋಡಿದರೆ ತಪ್ಪು ಅನ್ನಿಸುತ್ತಿತ್ತು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಊರಿನ ಆಶಾ ಕಾರ್ಯಕರ್ತೆ ರಾಣಿ ರಂಜಿನಿಯ ಕೈ ನೋಡಲು ಬಂದವಳು ಇವರ ಮನೆಗೂ ಬಂದಳು. ಜಗಲಿ ಮೇಲೆ ಕುಳಿತು ಒಂದು ಲೋಟ ನೀರು ಕುಡಿದು ಕೇಳಿದಳು:

"ಚಿಕ್ಕಮಾದಣ್ಣ, ಚಿರತೆ ಬಂದದ್ದು ಯಾರ ತಪ್ಪು?"

"ಅದ್ಯಾರ್ ತಪ್ಪಾಯ್ತದೆ? ಅದು ಕಾಡು ಪ್ರಾಣಿ."

"ಕತ್ಲಾದದ್ದು?"

"ಅದೂ ಯಾರ್ ತಪ್ಪೂ ಅಲ್ಲ ಕಣವ್ವ."

"ಮತ್ತೆ ಕವನನ ತಪ್ಪಾ?"

"ಅವಳದೇನು ತಪ್ಪು, ಪಾಪ."

"ಹಂಗಾದ್ರೆ ಅವಳು ಯಾಕೆ ಮನೇಲಿ ಕೂತವ್ಳೆ? ಏರಿ ಮೇಲೆ ಲೈಟಿಲ್ಲ, ಊರೊಳಕ್ಕೆ ಬಸ್ಸಿಲ್ಲ. ಅದು ನಮ್ ಹಣೆಬರಾ ಅಲ್ಲಣ್ಣ. ಯಾರೋ ಮಾಡ್ಬೇಕಾದ ಕೆಲ್ಸ. ಅವ್ರನ್ನ ಕೇಳಾನ."

ಚಿಕ್ಕಮಾದು ನಕ್ಕುಬಿಟ್ಟ. "ಯಾರ್ನ ಕೇಳ್ತೀಯವ್ವ? ಚರಂಡಿಗೆ ಅಂತ ನಾನೂ ಅರ್ಜಿ ಕೊಟ್ಟೆ. ನೋಡ್ತೀವಿ ಅಂದ್ರು. ಇವತ್ತಿಗೂ ನೋಡ್ತಾನೇ ಅವ್ರೆ. ನಮ್ಮಂತೋರ್ ಮಾತು ಯಾರಿಗ್ ಬೇಕು?"

"ನೀನೊಬ್ನೇ ಹೋಗಿ ಅರ್ಜಿ ಕೊಟ್ಟೆ. ಅದ್ಕೇ ನೋಡ್ತೀವಿ ಅಂದ್ರು. ಈ ಸಲ ಗ್ರಾಮಸಭೆಗೆ ಎಲ್ರೂ ಹೋಗಾನ. ಓಟ್ ಇರೋ ಪ್ರತಿಯೊಬ್ರೂ ಗ್ರಾಮಸಭೆ ಸದಸ್ಯರೇ, ಗೊತ್ತಾ? ಅಲ್ಲಿ ಕೈಯೆತ್ತಿ ಕೇಳಿದ್ದನ್ನ ಬರ್ಕೊಳ್ಲೇಬೇಕು. ಮುಂದಿನ ವರ್ಷಕ್ಕೆ ಪಂಚಾಯ್ತಿ ದುಡ್ಡು ಯಾವುದಕ್ಕೆ ಹಾಕ್ಬೇಕು ಅನ್ನೋದೂ ಅಲ್ಲೇ ತೀರ್ಮಾನ."

"ಓಗಿ, ಓಗಿ. ಟೀ ಕುಡ್ಕಂಡ್ ಬನ್ನಿ," ಎಂದು ಚಿಕ್ಕಮಾದು ಹಸುವಿಗೆ ಹುಲ್ಲು ಹಾಕಲು ಎದ್ದುಹೋದ.

ಮಾದಮ್ಮ ಮಾತ್ರ ಅಲ್ಲಿಯೇ ನಿಂತಿದ್ದಳು. "ರಾಣಿ, ಎಂಗಸ್ರು ಮಾತಾಡ್ಬೋದಾ ಅಲ್ಲಿ?" ಎಂದು ಮೆಲ್ಲಗೆ ಕೇಳಿದಳು.

"ಹೆಂಗಸ್ರು ಮಾತಾಡ್ದೆ ಇರೋದಕ್ಕೇ ಅಕ್ಕ, ನಮಗೆ ಬಸ್ಸಿಲ್ದೆ ಇರೋದು."

ಮರುದಿನದಿಂದ ಮಾದಮ್ಮ, ರಾಣಿ, ಕವನ ಮನೆಮನೆಗೆ ಹೋದರು. ಊರಿನ ಸ್ವಸಹಾಯ ಸಂಘದ ಹೆಂಗಸರೂ ಜೊತೆಗೆ ಬಂದರು. ಗ್ರಾಮಸಭೆಯ ದಿನ ಬುದ್ಧ ವಿಹಾರದ ಪಕ್ಕದ ಸಮುದಾಯ ಭವನದಲ್ಲಿ ಕೂರಲು ಜಾಗವಿರಲಿಲ್ಲ. ಎಂದೂ ಅಷ್ಟು ಜನ ಸೇರಿರಲಿಲ್ಲ. ಫ್ಯಾಕ್ಟರಿ ಹೆಣ್ಣುಮಕ್ಕಳು ಯೂನಿಫಾರಂ ಹಾಕಿಕೊಂಡೇ ಮುಂದಿನ ಸಾಲಿನಲ್ಲಿ ಕುಳಿತರು. ರಂಜಿನಿ ಬ್ಯಾಂಡೇಜಿನ ಕೈ ಹಿಡಿದುಕೊಂಡು ಎದ್ದು ನಿಂತಳು.

"ಸಾ, ನನ್ ಕೈ ಕೂಡ್ಕೊಳ್ತದೆ. ಆದ್ರೆ ಆ ದಾರೀಲಿ ನಾಳೆ ಯಾರ್ ಬೀಳ್ತಾರೋ ಗೊತ್ತಿಲ್ಲ. ನಮಗೆ ಲೈಟ್ ಬೇಕು, ಬಸ್ ಬೇಕು."

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಶಿವಸ್ವಾಮಿ ಕನ್ನಡಕ ಸರಿಮಾಡಿಕೊಂಡರು. "ನೋಡಿ ಅಮ್ಮ, ಲೈಟು ನಮ್ಮ ಕೆಲಸ. ಇವತ್ತೇ ಈ ವರ್ಷದ ಕ್ರಿಯಾ ಯೋಜನೆಗೇ ಸೇರಿಸ್ತೀನಿ. ಬಸ್ಸು ಪಂಚಾಯ್ತಿ ಕೈಲಿಲ್ಲ."

"ಗೊತ್ತು ಸಾರ್," ಎಂದಳು ರಾಣಿ. "ಆದ್ರೆ ಊರಿಗೆ ಸಂಜೆ ಬಸ್ ಬೇಕು ಅಂತ ಸಭೆ ಠರಾವು ಮಾಡ್ಬೋದಲ್ಲ? ಅದನ್ನ ಡಿಪೋಗೂ, ತಾಲ್ಲೂಕಿಗೂ ಕಳಿಸ್ಬೋದಲ್ಲ?"

"ಮಾಡಬಹುದು."

"ಮಾಡಿ. ಎದ್ದು ಹೋಗೋಕ್ ಮುಂಚೆ ಜೋರಾಗಿ ಓದಿ ಹೇಳಿ. ನಮಗೊಂದು ನಕಲು ಕೊಡಿ."

ಶಿವಸ್ವಾಮಿ ಬರೆದು ಓದಿದರು. ಹೆಂಗಸರು ಚಪ್ಪಾಳೆ ತಟ್ಟಿದರು. ಸಂಕ್ರಾಂತಿಗೆ ಮುಂಚೆಯೇ ಏರಿ ಮೇಲೆ ಕಂಬ ನಿಂತವು, ಲೈಟು ಉರಿದವು. ಕೇಳಿದ್ದರಲ್ಲಿ ಅರ್ಧ ಸಿಕ್ಕಿತ್ತು. ಆದರೆ ಚಿರತೆ ಇನ್ನೂ ಸಿಕ್ಕಿರಲಿಲ್ಲ, ಹೆಣ್ಣುಮಕ್ಕಳನ್ನು ಯಾರೂ ಕೆಲಸಕ್ಕೆ ಕಳಿಸಲಿಲ್ಲ.

ಉಳಿದರ್ಧ ಸುಲಭಕ್ಕೆ ಸಿಗಲಿಲ್ಲ. ಠರಾವು ಹಿಡಿದು ಹೆಂಗಸರು ಡಿಪೋಗೆ ಹೋದರು. ಮ್ಯಾನೇಜರ್ ಕುರ್ಚಿ ಹಾಕಿಸಿ ಕೂರಿಸಿ, ಸಮಾಧಾನವಾಗಿ ಇಲ್ಲ ಎಂದರು. ಇರುವ ಬಸ್ಸೇ ಸಾಲುತ್ತಿಲ್ಲ, ಡ್ರೈವರ್‌ಗಳಿಲ್ಲ. ಮೇಲಿಂದ ಹೊಸ ಬಸ್ಸು ಮಂಜೂರಾಗಬೇಕು. "ಬಸ್ ಬಂದ್ರೂ ನಿಮ್ಮೂರಲ್ಲಿ ತಿರುಗಿಸೋಕೆ ಜಾಗ ಎಲ್ಲಿದೆ? ಅಷ್ಟು ದೂರ ರಿವರ್ಸ್ ಬರೋಕಾಗುತ್ತಾ?" ಎಂದೂ ಕೇಳಿದರು. ಹೆಂಗಸರು ಠರಾವು ಮಡಚಿಕೊಂಡು ಎದ್ದು ಬಂದರು.

ಮನೆಗೆ ಬಂದರೆ ಚಿಕ್ಕಮಾದು ಜಗಲಿ ಮೇಲೇ ಕುಳಿತಿದ್ದ. "ನಾನ್ ಏಳಿರ್ಲಿಲ್ವಾ?" ಎಂದ. ಆದರೆ ಗೆದ್ದವನ ಹಾಗೆ ಹೇಳಲಿಲ್ಲ. ಅವನಿಗೂ ಬೇಜಾರಾಗಿತ್ತು. ಅವತ್ತೇ ಫ್ಯಾಕ್ಟರಿಯಿಂದ ಫೋನ್ ಬಂದಿತ್ತು. ಇನ್ನು ಸ್ವಲ್ಪ ದಿನ ಕಾಯುತ್ತೇವೆ, ಆಮೇಲೆ ಮಷೀನಿಗೆ ಬೇರೆಯವರು ಎಂದಿದ್ದರು. ಕವನ ಹಿತ್ತಲಲ್ಲಿ ಒಬ್ಬಳೇ ನಿಂತು ಅತ್ತಿದ್ದನ್ನು ಅವನು ನೋಡಿದ್ದ.

ರಾಣಿ ಬಿಡಲಿಲ್ಲ. "ಮೇಲಿಂದ ಬರ್ಬೇಕು ಅಂದ್ರಲ್ಲ, ಆ ಮೇಲು ಎಲ್ಲಿದೆ ಅಂತ ಹುಡುಕಾನ. ರಾಜ್ಯದ ಬಜೆಟ್ ಇನ್ನೂ ಆಗಿಲ್ಲ. ಈಗ್ಲೇ ಹೇಳ್ಬೇಕು, ಓದಿ ಮುಗಿಸಿದ್ಮೇಲೆ ಕೂಗಿದ್ರೆ ಏನೂ ಇಲ್ಲ. ನಂಜನಗೂಡಲ್ಲಿ ಜನರ ಬಜೆಟ್ ಸಭೆ ಅಂತ ಮಾಡ್ತಾವ್ರೆ. ಕೂಲಿಯವ್ರು, ಫ್ಯಾಕ್ಟರಿಯವ್ರು, ಸಂಘದವ್ರು ಎಲ್ಲಾ ಸೇರಿ ಸರ್ಕಾರದ ದುಡ್ಡು ನಮಗೇನಕ್ಕೆ ಬೇಕು ಅಂತ ಹೇಳೋದು. ಅಧಿಕಾರಿಗಳೂ ಬತ್ತಾರೆ."

"ವಾಪಸ್ ಬರೋದು ಕತ್ಲಾಯ್ತದೆ," ಎಂದ ಚಿಕ್ಕಮಾದು. ಎಲ್ಲರೂ ಅವನ ಕಡೆ ನೋಡಿದರು. "ಸರಿ, ನಾನೇ ಜೊತೇಲಿ ಬತ್ತೀನಿ. ಸಭೆಗಲ್ಲ. ನಿಮ್ಮನ್ನ ಕರ್ಕಂಡ್ ಬರೋಕೆ."

ನಂಜನಗೂಡಿನ ಆ ಸಭಾಂಗಣದಲ್ಲಿ ಚಿಕ್ಕಮಾದು ಕೊನೆಯ ಸಾಲಿನಲ್ಲಿ ಬಾಗಿಲ ಬಳಿ ಕುಳಿತ. ಮೊದಲು ಟಿ. ನರಸೀಪುರದ ಕಡೆಯ ಚಲುವಮ್ಮ ಎಂಬ ಹಿರಿಯ ಹೆಂಗಸು ಮೈಕ್ ಹಿಡಿದಳು. "ನಮ್ ಕಡೇಲೂ ಚಿರತೆ ಕಾಟ ಸ್ವಾಮಿ. ಸಂಜೆ ಆದ್ರೆ ಉಲ್ ಕುಯ್ಯೋಕೆ ಓಗೋಕಿಲ್ಲ, ಆಸ್ಪತ್ರೆಗೆ ಓಗೋಕಿಲ್ಲ. ಬಸ್ ಗೇಟಲ್ಲೇ ನಿಲ್ತದೆ. ಊರಿರೋದು ಗೇಟಲ್ಲಾ?" ಎಂದಳು. ಹದಿನಾರು ಎಂಬ ಊರಿನ ಕಡೆಯಿಂದ ಬಂದ ಹೆಣ್ಣುಮಗಳೂ ಅದನ್ನೇ ಹೇಳಿದಳು. ಇದು ತನ್ನೊಬ್ಬನ ಮನೆಯ ಕಷ್ಟ ಎಂದುಕೊಂಡಿದ್ದ ಚಿಕ್ಕಮಾದು ಎದ್ದು ನಾಲ್ಕು ಸಾಲು ಮುಂದೆ ಬಂದು ಕುಳಿತ.

ಆಮೇಲೆ ಕವನ ಎದ್ದಳು. ಮೈಕ್ ತೆಗೆದುಕೊಂಡಳು.

"ನಾನು ಕೆಲ್ಸಕ್ಕೆ ಹೋಗ್ತಿದ್ದೆ. ಈಗ ಹೋಗ್ತಿಲ್ಲ. ನಮ್ಮಪ್ಪ ಬಿಡಿಸ್ದ. ನಮ್ಮಪ್ಪ ಕೆಟ್ಟೋನಲ್ಲ ಸಾರ್. ನನ್ನ ಓದಿಸ್ದೋನು ಅವನೇ, ಕೆಲ್ಸಕ್ಕೆ ಮೊದಲ ದಿನ ಗೇಟ್‌ವರ್ಗೂ ಬಂದು ಬಸ್ ಹತ್ತಿಸ್ದೋನು ಅವನೇ. ಸಿಟ್ಟಿಗೆ ಬಿಡಿಸ್ಲಿಲ್ಲ, ಹೆದರ್ಕೊಂಡು ಬಿಡಿಸ್ದ. ನಂಗೆ ಬೇರೇನೂ ಬೇಡ. ನಮ್ಮಪ್ಪನ ಹೆದರಿಕೆ ತೆಗೀರಿ. ಊರಿಗೊಂದು ಬಸ್ ಕೊಡಿ."

ಸಾರಿಗೆ ವಿಭಾಗದಿಂದ ಬಂದಿದ್ದ ಅಧಿಕಾರಿ ತಲೆಯೆತ್ತಿ ಕೇಳಿದರು. "ಅಮ್ಮ, ಹೊಸ ಬಸ್ಸು ಕೇಳಿ ಮೇಲಕ್ಕೆ ಬರೀತೀವಿ. ನಿಮ್ಮೂರ ಹೆಸರೂ ಸೇರಿಸ್ತೀವಿ. ಆದ್ರೆ ಅಲ್ಲಿ ಬಸ್ ತಿರುಗೋಕೆ ಜಾಗ ಇಲ್ಲ ಅಂತ ಡಿಪೋದವರು ಹೇಳ್ತಾರಲ್ಲ?"

ಕವನ ರಾಣಿಯ ಮುಖ ನೋಡಿದಳು. ರಾಣಿ ನೆಲ ನೋಡಿದಳು.

"ಜಾಗ ಅದೆ ಸಾ!"

ಚಿಕ್ಕಮಾದು ಎದ್ದು ನಿಂತಿದ್ದ. ಯಾರೋ ಮೈಕ್ ಕೊಡಲು ಬಂದರು. ಅವನು ತೆಗೆದುಕೊಳ್ಳಲಿಲ್ಲ. ಅವನ ದನಿಗೆ ಅದು ಬೇಕಾಗಿರಲಿಲ್ಲ.

"ಊರ್ ಬಾಗ್ಲಲ್ಲೇ ನನ್ ಕಣ ಅದೆ. ರಾಗಿ ಒಕ್ಕೋ ಕಣ. ಅದ್ರಲ್ಲಿ ಬಸ್ ತಿರುಗೋ ಅಷ್ಟು ಜಾಗ ಬುಡ್ತೀನಿ. ಬರ್ಕೊಡು ಅಂದ್ರೆ ಬರ್ಕೊಡ್ತೀನಿ. ನಾನು ಅವಳಪ್ಪ ಸಾ. ಸರ್ಕಾರ ನಮ್ ಮಾತ್ ಕೇಳಾಕಿಲ್ಲ ಅಂತಿದ್ದೋನು ನಾನೇ. ಈಗ ಜಾಗ ನಂದು. ಬಸ್ ನಿಮ್ದು. ಬುಡಿ!"

ಸಭಾಂಗಣವೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಚಲುವಮ್ಮ ದೂರದಿಂದಲೇ ಕೈಮುಗಿದಳು. ಕವನ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕಮಾದುವೇ ಮಗಳನ್ನು ಎಬ್ಬಿಸಿದ. "ಏಳವ್ವ, ಕೆಲ್ಸಕ್ಕೆ ಒತ್ತಾಯ್ತು. ಬಸ್ ಬರೋ ಗಂಟ ಸಂಜೆ ನಾವೇ ಗೇಟ್‌ಗೆ ಬತ್ತೀವಿ." ಮಾತಿಗೆ ತಪ್ಪಲಿಲ್ಲ. ಊರ ಗಂಡಸರು ಸರದಿ ಹಾಕಿಕೊಂಡು ಗೇಟಿಗೆ ಹೋಗಿ ಹೆಣ್ಣುಮಕ್ಕಳನ್ನು ಒಟ್ಟಿಗೆ ಕರೆತಂದರು. ಭಾನುವಾರ ಇಡೀ ಊರು ಸೇರಿ ಕಣದ ಮೂಲೆ ಮಟ್ಟ ಮಾಡಿತು, ರಸ್ತೆಗೆ ಚಾಚಿದ್ದ ಜಾಲಿ ಕೊಂಬೆ ಕಡಿಯಿತು. ರಂಜಿನಿ ಎಡಗೈಯಲ್ಲೇ ಮಣ್ಣಿನ ಬಾಂಡಲಿ ಎತ್ತಲು ಬಂದು ಎಲ್ಲರಿಂದ ಬೈಸಿಕೊಂಡಳು.

ಬಜೆಟ್ ಆಯಿತು, ಹೊಸ ಬಸ್ಸುಗಳಿಗೆ ದುಡ್ಡು ಇಟ್ಟರು. ಅಷ್ಟಕ್ಕೇ ಯಾರೂ ಸುಮ್ಮನಾಗಲಿಲ್ಲ. ಡಿಪೋಗೆ ಹೊಸ ಬಸ್ಸು ಬಂದವು ಎಂಬ ಸುದ್ದಿ ತಿಳಿದ ದಿನವೇ ಮಾದಮ್ಮ ಮುಂದಾಗಿ ಹೆಂಗಸರನ್ನು ಕರೆದುಕೊಂಡು ಹೋದಳು. ಮ್ಯಾನೇಜರ್ ಅವರನ್ನು ನೋಡಿ ನಕ್ಕರು. "ಕಾಲುವೆಪುರದವರಾ? ನಿಮ್ಮ ರೂಟ್ ಮಂಜೂರಾಯ್ತು. ಕಣ ಚೆನ್ನಾಗಿದೆ, ನಾನೇ ಬಂದು ನೋಡಿದ್ದೀನಿ."

ಮುಂದಿನ ಸೋಮವಾರ ಸಂಜೆ ಊರೆಲ್ಲ ಕಣದ ಹತ್ತಿರ ಸೇರಿತ್ತು. ಏರಿ ಮೇಲೆ ಹಾರನ್ ಕೇಳಿದ್ದೇ ತಡ, ತಮಟೆ ಶುರುವಾಯಿತು. ಹಣೆಗೆ ಬೋರ್ಡು ಕಟ್ಟಿಕೊಂಡ ಬಸ್ಸು ಬಂತು. ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ 'ಕಾಲುವೆಪುರ' ಎಂದಿತ್ತು. ಊರಿನವರು ತಮ್ಮ ಊರಿನ ಹೆಸರನ್ನು ಬಸ್ಸಿನ ಮೇಲೆ ನೋಡಿದ್ದು ಅದೇ ಮೊದಲು. ಓದಲು ಬಾರದ ಮಾದಮ್ಮ ಪಕ್ಕದವಳಿಂದ ಓದಿಸಿ ಓದಿಸಿ ಕೇಳಿದಳು.

ಬಸ್ಸು ಕಣದಲ್ಲಿ ಒಂದು ಸುತ್ತು ತಿರುಗಿ ನಿಂತಿತು. ಬಾಗಿಲು ತೆರೆಯಿತು. ಯೂನಿಫಾರಂ ತೊಟ್ಟ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಇಳಿದರು. ಕವನ ಇಳಿದಾಗ ಚಿಕ್ಕಮಾದು ಡ್ರೈವರ್ ಕೊರಳಿಗೆ ಚೆಂಡುಮಲ್ಲಿಗೆ ಹಾರ ಹಾಕುತ್ತಿದ್ದ.

"ದಿನಾ ಬತ್ತೀಯೇನಪ್ಪ?"

"ದಿನಾ ಬತ್ತೀನಿ ಯಜಮಾನ್ರೇ. ನಿಮ್ಮೂರೋರು ಬರ್ದೇ ಇರೋಕೆ ಬಿಡ್ತಾರಾ?"

ಎಲ್ಲರೂ ನಕ್ಕರು. ಆ ನಗುವಿನ ಮಧ್ಯೆ ರಾಣಿಯ ಕೈ ಹಿಡಿದು ಚಿಕ್ಕಮಾದು ಕೇಳಿದ, "ಮುಂದಿನ್ ಗ್ರಾಮಸಭೆ ಯಾವಾಗವ್ವ? ಆ ಚರಂಡಿ ವಿಷ್ಯ ನಾನೇ ಎತ್ತುತೀನಿ."

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಕೇಳುತ್ತಿರುವ ನಿಮ್ಮೂರಿನಲ್ಲಿಯೂ ಇಂಥದ್ದೊಂದು ಕಷ್ಟ ಇದ್ದೇ ಇರುತ್ತದೆ. ಬಸ್ಸಿಲ್ಲದಿರಬಹುದು, ಆಸ್ಪತ್ರೆಯಲ್ಲಿ ನರ್ಸ್ ಇಲ್ಲದಿರಬಹುದು, ಕೆಲಸದ ಜಾಗದಲ್ಲಿ ಶೌಚಾಲಯವಿಲ್ಲದಿರಬಹುದು. ನಮ್ಮ ಹಣೆಬರಹ ಎಂದು ಒಬ್ಬೊಬ್ಬರೇ ನುಂಗಿಕೊಳ್ಳಬೇಡಿ. ನಿಮ್ಮ ಗ್ರಾಮಸಭೆ ಯಾವಾಗ ಎಂದು ಇವತ್ತೇ ಪಂಚಾಯಿತಿಯಲ್ಲಿ ವಿಚಾರಿಸಿ. ಒಬ್ಬರೇ ಹೋಗಬೇಡಿ, ಬೀದಿಯವರನ್ನೆಲ್ಲ ಕರೆದುಕೊಂಡು ಹೋಗಿ. ಕೇಳಿದ್ದನ್ನು ಬರೆಸಿ, ಓದಿಸಿ, ನಕಲು ಪಡೆಯಿರಿ. ಪಂಚಾಯಿತಿ ಕೈಯಲ್ಲಿ ಆಗದಿದ್ದರೆ ಬಜೆಟ್ ಬರುವ ಮುಂಚೆಯೇ ಮೇಲಿನವರ ಬಾಗಿಲು ತಟ್ಟಿ. ಮಂಜೂರಾದ ಮೇಲೂ ಬೆನ್ನು ಬಿಡಬೇಡಿ. ಸರ್ಕಾರದ ದುಡ್ಡು ನಮ್ಮೆಲ್ಲರ ಬೆವರಿನ ದುಡ್ಡು. ಅದು ಎಲ್ಲಿಗೆ ಹೋಗಬೇಕು ಎಂದು ಹೇಳುವ ಬಾಯಿ ನಿಮಗೂ ಇದೆ. ಎದ್ದು ನಿಂತು ಹೇಳಿ.