ನಾಲ್ಕು ದಿನದ ಮನೆ

ಕಿಟಕಿಯ ಒಳಮೈಯೆಲ್ಲ ಹನಿಗಟ್ಟಿತ್ತು. ನಾನು ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮೇಲಿನಿಂದ ಕೆಳಕ್ಕೆ ಒರೆಸುತ್ತಿದ್ದೆ. ಪ್ಲಾಸ್ಟಿಕ್ಕಿನ ಕಿಟಕಿ, ಜೋರಾಗಿ ತಿಕ್ಕಿದರೆ ಕಿರುಗುಟ್ಟುತ್ತದೆ. ಒಂದನ್ನು ಮುಗಿಸಿ, ಬಾಗಿಲಾಚೆ ಕೈ ಚಾಚಿ ಟವೆಲ್ ಹಿಂಡಿ, ಇನ್ನೊಂದಕ್ಕೆ ಹೋದೆ. ಮೂರು ಹೆಜ್ಜೆಗೆ ಮುಗಿಯುವ ಮನೆ. ಮೂರನೆಯ ಹೆಜ್ಜೆಯ ಕೊನೆಯಲ್ಲಿ ಅವರು ಮಲಗಿದ್ದರು, ಒಂದು ಕೈ ಹಾಸಿಗೆಯಿಂದ ಕೆಳಗೆ ಜೋತುಬಿದ್ದಿತ್ತು. ಅವರ ತಲೆಯ ಮೇಲಿನ ಕಿಟಕಿಯನ್ನು ಹಾಗೇ ಬಿಟ್ಟೆ.

ಮದುವೆಯಾಗಿ ಎಂಟು ತಿಂಗಳಾಗಿತ್ತು. ಅವರು ಮಲಗಿರುವುದನ್ನು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಹಣೆಯ ಮೇಲೆ ಒಂದು ಹಳೆಯ ಗಾಯದ ಗುರುತಿತ್ತು. ಅದು ನನಗೆ ಗೊತ್ತೇ ಇರಲಿಲ್ಲ.

ನಾವಿದ್ದದ್ದು ವೋನ್‌ವಾಗನ್ನಿನಲ್ಲಿ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಗಾಲಿಯ ಮೇಲಿನ ಮನೆ. ಒಲೆ, ಹಾಸಿಗೆ, ಮೇಜು ಎಲ್ಲ ಅದರೊಳಗೇ. ಆದರೆ ಈ ಮನೆ ಎಲ್ಲಿಗೂ ಹೋಗುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಒಡತಿ ಫ್ರಾವ್ ಎಡರ್ ಅದನ್ನು ಕೆರೆದಂಡೆಯ ಕ್ಯಾಂಪಿಂಗ್ ಜಾಗದಲ್ಲಿ ನಿಲ್ಲಿಸಿ, ನಾಲ್ಕು ಮೂಲೆಗೂ ಕಬ್ಬಿಣದ ಕಾಲು ಇಳಿಸಿ, ವಾರಕ್ಕೊಬ್ಬರಿಗೆ ಬಾಡಿಗೆಗೆ ಕೊಡುತ್ತಿದ್ದರು. ಜರ್ಮನಿಯ ಗಾರ್ಕಿಂಗ್‌ನ ಅಂಗಡಿಯೊಂದರ ಹಲಗೆಗೆ ಅವರು ಅಂಟಿಸಿದ್ದ ಚೀಟಿಯಿಂದ ಭಾವ ಫೋನ್ ನಂಬರು ಹರಿದುಕೊಂಡು ಬಂದಿದ್ದರು.

ಭಾವ ಅಂದರೆ ನನ್ನ ಗಂಡನ ಅಣ್ಣ, ನಿಜಲಿಂಗಪ್ಪ. ವೋನ್‌ವಾಗನ್ ಹಿಡಿದದ್ದು ಅವರಿಗೆ, ಅವರ ಹೆಂಡತಿ ಗೌರಕ್ಕನಿಗೆ, ಮಗಳು ಪವಿಗೆ. ಪವಿಯ ಸಾಲೆಯ ರಜೆ ಮುಗಿಯುವ ಮೊದಲು ಒಂದು ವಾರ. ಹೊರಡುವ ಹಿಂದಿನ ದಿನ ಹುಡುಗಿಯ ಗಂಟಲು ಊದಿಕೊಂಡು ಜ್ವರ ಬಂತು.

“ಹೋಗ್ರಿ, ನೀವಿಬ್ರಾರ ಹೋಗ್ರಿ,” ಎಂದಳು ಗೌರಕ್ಕ. “ಹಿಡದಿದ್ದು ಸುಮ್ಮ ಖಾಲಿ ಬೀಳ್ತೈತಿ.”

ನಾನು ತಲೆ ತಗ್ಗಿಸಿ ನಿಂತಿದ್ದೆ. ಮುಖದ ಮೇಲೆ ಏನಾದರೂ ಕಂಡುಬಿಟ್ಟೀತು ಎಂಬ ಹೆದರಿಕೆ. ಹುಡುಗಿಯ ಜ್ವರಕ್ಕೆ ಖುಷಿಪಟ್ಟ ಪಾಪ ನನ್ನದು.

ಭಾವನ ಮನೆ ಎರಡು ಕೋಣೆಯದು. ಜರ್ಮನಿ ಇಂಜಿನಿಯರುಗಳಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ವೀಸಾ ಮೇಲೆ ನನ್ನ ಗಂಡ ಉದಯಕುಮಾರ ಬಂದು ಇಳಿದದ್ದು ಅಲ್ಲೇ, ಮದುವೆಯಾಗಿ ನಾನು ಬಂದು ಇಳಿದದ್ದೂ ಅಲ್ಲೇ. ಹೆಂಗಸರು, ಹುಡುಗಿ ಒಳಗಿನ ಕೋಣೆಯಲ್ಲಿ ಮಲಗುವುದು, ಗಂಡಸರು ಹೊರಗಿನ ಕೋಣೆಯಲ್ಲಿ. ನನ್ನ ಗಂಡ ಮೊದಮೊದಲು ಬೇರೆ ಮನೆ ಹುಡುಕಿದರು. ಒಂದೊಂದು ಮನೆ ನೋಡಲು ಹೋದರೂ ಮೆಟ್ಟಿಲ ಮೇಲೆ ಮೂವತ್ತು ಮಂದಿ ಸಾಲಾಗಿ ನಿಂತಿರುತ್ತಿದ್ದರಂತೆ. ಮನೆಯ ಮಾಲೀಕರು ವೀಸಾ ಎಷ್ಟು ವರ್ಷದ್ದು ಎಂದು ಕೇಳಿ, ಐದು ಎಂದರೆ, ಬರೆದುಕೊಂಡು ಕಳಿಸುತ್ತಿದ್ದರಂತೆ. ಏಪ್ರಿಲ್ ಹೊತ್ತಿಗೆ ಹುಡುಕುವುದು ನಿಂತಿತು. “ಇಬ್ಬರಿಗೆ ಬ್ಯಾರೆ ಮನಿ ಯಾಕ? ಇಲ್ಲೇನ್ ಕಡಿಮಿ ಆಗೈತಿ?” ಎಂದು ಭಾವ ಒಮ್ಮೆ ಕೇಳಿದ್ದರು. ಕಡಿಮೆ ಏನೂ ಆಗಿರಲಿಲ್ಲ. ಭಾವ ಒಳ್ಳೆಯವರು. ನನ್ನ ಗಂಡನನ್ನು ಓದಿಸಿದವರು ಅವರೇ. ಅವರೆದುರು ಇವರ ದನಿ ಏಳುವುದಿಲ್ಲ.

ಇವರು ನನ್ನ ಸೋದರತ್ತೆಯ ಮಗ. ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಅವರು ಇಂಜಿನಿಯರ್ ಆದರು, ನಾನು ಏಳನೆಯ ತರಗತಿಗೆ ಸಾಲೆ ಬಿಟ್ಟೆ, ಆದರೂ ಅತ್ತೆ ಮಾತು ತಪ್ಪಲಿಲ್ಲ. ಇವರೂ ಬೇಡ ಎನ್ನಲಿಲ್ಲ. ಬೇಕು ಎಂದಿದ್ದರೋ ಇಲ್ಲವೋ, ಅದನ್ನು ನಾನು ಯಾರ ಹತ್ತಿರ ಕೇಳಲಿ?

ಶನಿವಾರ ಫ್ರಾವ್ ಎಡರ್ ಬೀಗದ ಕೈ ಕೊಟ್ಟು, ಒಲೆ ಹಚ್ಚುವುದನ್ನು ತೋರಿಸಿದರು. ತಿರುಗಣೆಯನ್ನು ಒತ್ತಿ ಹಿಡಿಯಬೇಕು, ಉರಿ ನಿಂತ ಮೇಲೆ ಬಿಡಬೇಕು. ಅವರು ಹೋದರು. ಇವರು ಬಸ್ಸಿನ ಸಮಯ ನೋಡಿಕೊಂಡು ಬರಲು ಗೇಟಿನ ಕಡೆ ಹೋದರು. ನಾನು ಸೀರೆಯಲ್ಲಿ ಸುತ್ತಿ ತಂದಿದ್ದ ಸಣ್ಣ ಸ್ಟೀಲಿನ ಪಾತ್ರೆ ತೆಗೆದು, ಹಾಲು ತುಂಬಿ ಒಲೆಯ ಮೇಲಿಟ್ಟೆ.

ರಬಕವಿಯಲ್ಲಿ ಅಪ್ಪನದು ಮಗ್ಗದ ಕೆಲಸ. ನಾವು ಮೂರು ಬಾಡಿಗೆ ಮನೆ ಬದಲಿಸಿದ್ದೆವು. ಪ್ರತಿ ಸಲವೂ ಅವ್ವ ಗಂಟುಮೂಟೆ ಬಿಚ್ಚುವ ಮೊದಲು ಹಾಲು ಉಕ್ಕಿಸುತ್ತಿದ್ದಳು. ಉಕ್ಕಿ ಒಲೆಯ ಮೇಲೆ ಚೆಲ್ಲಬೇಕು, ಆಗಲೇ ಅದು ಮನೆ. ನಾನು ಕೈಮುಗಿದು ನಿಂತೆ. ಹಾಲು ಏರಿತು, ತುಳುಕಿತು, ನಾಲ್ಕೂ ಕಡೆ ಇಳಿಯಿತು. ಉರಿ ಚುರ್ ಎಂದು ಆರಿತು. ನನ್ನ ಕಣ್ಣು ತುಂಬಿದ್ದವು. ಆಮೇಲೆ ಒರೆಸಿ ಮತ್ತೆ ಹಚ್ಚಿದರೆ, ತಿರುಗಣೆ ಬಿಟ್ಟ ಕೂಡಲೇ ಉರಿ ಹೋಗುತ್ತಿತ್ತು. ಎಷ್ಟು ಸಲ ಹಚ್ಚಿದರೂ ಅಷ್ಟೇ. ಇನ್ನೊಂದು ಒಲೆ ಸರಿಯಾಗಿತ್ತು. ಅದರ ಮೇಲೆಯೇ ಅಡಿಗೆ ಮಾಡಿದೆ, ಇವರಿಗೆ ಏನೂ ಹೇಳಲಿಲ್ಲ.

ಭಾನುವಾರ ಇವರು ಎದ್ದವರೇ, “ಕಿಟಕಿ ಒರಸೀಯೇನ?” ಎಂದರು. ಅಷ್ಟೇ. ಆದರೆ ನನ್ನ ಕಡೆ ನೋಡಿ ಕೇಳಿದ್ದರು.

“ರೊಟ್ಟಿ ಅಂಗಡಿಗೆ ನೀ ಹೋಗಿ ಬಾ,” ಎಂದರು. ಹೇಳಬೇಕಾದ್ದನ್ನು ಜರ್ಮನಿನಲ್ಲಿ ನಾಲ್ಕು ಸಲ ಬಾಯಿಪಾಠ ಮಾಡಿಸಿದರು. ಗೇಟಿನ ಹತ್ತಿರದ ಅಂಗಡಿಗೆ ಹೋಗಿ, “ಫೀಯರ್ ಸೆಮ್ಮೆಲ್ನ್, ಬಿಟ್ಟೆ,” ಎಂದೆ, ನಾಲ್ಕು ಬನ್ನು ಕೊಡಿ ಎಂದು. ಕೊಟ್ಟೇಬಿಟ್ಟರು. ನಾಲ್ಕು ಬಿಸಿ ಬನ್ನುಗಳನ್ನು ಎದೆಗವಚಿಕೊಂಡು ಓಡುತ್ತಾ ಬಂದೆ. ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು.

ಸೋಮವಾರವೂ ನಾನೇ ಹೋದೆ. ಇವರು ದಾರಿಯವರೆಗೂ ಬಂದು ಮರದ ಹಿಂದೆ ನಿಂತು ನೋಡುತ್ತಿದ್ದರು. ನನಗೆ ಗೊತ್ತಿಲ್ಲ ಅಂದುಕೊಂಡಿದ್ದರು. ನಾನು ಎಲ್ಲವನ್ನೂ ನೋಡುತ್ತೇನೆ, ಮಾತಾಡುವುದಿಲ್ಲ ಅಷ್ಟೇ.

ಮಂಗಳವಾರ ಮಧ್ಯಾಹ್ನ ಕೆರೆಯ ಹಲಗೆಗಟ್ಟೆಯ ಮೇಲೆ ಕೂತಿದ್ದೆವು. ಇವರು ನೀರಿನಲ್ಲಿ ಕಾಲು ಬಿಟ್ಟಿದ್ದರು.

“ಏಳನೇದಕ್ಕೇ ಸಾಲಿ ಯಾಕ ಬಿಟ್ಟಿ?”

“ಅವ್ವನ ಕೈ ಸೆಟದಿತ್ರಿ. ಮಗ್ಗದ ಕಂಡಕಿಗೆ ನೂಲು ಸುತ್ತಾಕ ಒಬ್ಬರು ಬೇಕಾಗಿತ್ತು.”

“ಬ್ಯಾಸರ ಆಗಲಿಲ್ಲೇನ?”

“ಭೂಗೋಳ ಭಾಳ ಸೇರ್ತಿತ್ತು ನನಗ. ನಕಾಶೆ ಬರ್‍ಯೂದು.”

ಇವರು ನಕ್ಕರು. “ಭೂಗೋಳ ಬಿಟ್ಟು ಜರ್ಮನಿಗೆ ಬಂದು ಕುಂತಿ ನೋಡು!”

ನನಗೂ ನಗು ಬಂತು. ನಕ್ಕಿದ್ದು ನನಗೇ ಜೋರಾಗಿ ಕೇಳಿಸಿ ಬಾಯಿ ಮುಚ್ಚಿಕೊಂಡೆ. ಇವರು ಕಾಲಿನಿಂದ ನೀರು ಕಲಕುತ್ತ, “ಇಲ್ಲಿಂದ ಬಸ್ಸು, ಯು-ಬಾನ್ ರೈಲು ಹಿಡದ್ರ ಆಫೀಸಿಗೆ ಒಂದು ತಾಸು,” ಎಂದರು. ಯಾಕೆ ಹೇಳಿದರೋ. ಆಮೇಲೆ, “ವಾಪಸ್ ಹೋದ ಮ್ಯಾಲೆ ಮತ್ತ ಮನಿ ಹುಡುಕ್ತೀನಿ. ಅಣ್ಣಗ ನಾನ ಹೇಳ್ತೀನಿ,” ಎಂದರು.

ಆ ಮಾತನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡ ಹಾಗೆ ಇಟ್ಟುಕೊಂಡೆ. ಊರಲ್ಲಿ ಮನೆ ಹೇಗಿರಬೇಕೆಂದು ಯೋಚಿಸಿದವಳೇ ಅಲ್ಲ ನಾನು. ಅಂದು ಸಂಜೆ ಅನ್ನ ಬಸಿಯುತ್ತ ಯೋಚಿಸಿದೆ. ಒಂದೇ ಕೋಣೆ ಸಾಕು. ಬಾಗಿಲು ಮಾತ್ರ ಒಳಗಿನಿಂದ ಹಾಕಲು ಬರಬೇಕು.

ಬುಧವಾರ ಬೆಳಿಗ್ಗೆ ಹುಲ್ಲಿನ ಮೇಲೆ ಕಾರು ಬಂದು ನಿಂತಿತು.

“ಏನ್ ಮದುಮಕ್ಕಳಾ, ಚಾ ಐತೋ ಇಲ್ಲೋ?” ಗೌರಕ್ಕ ಇಳಿಯುತ್ತಲೇ ಕೂಗಿದಳು. ಪವಿಗೆ ಜ್ವರ ಬಿಟ್ಟಿತ್ತು. ವಾರದಲ್ಲಿ ಇನ್ನೂ ಮೂರು ದಿನ ಉಳಿದಿದ್ದವು, ಬುಕ್ ಮಾಡಿದ್ದು ಅವರೇ. ಬರಬಾರದು ಎನ್ನುವವರು ಯಾರು? ಭಾವ ಕಾರಿನಿಂದ ಹಾಸಿಗೆ ಇಳಿಸಿದರು. ವೋನ್‌ವಾಗನ್ನಿನ ಬಾಗಿಲ ಮುಂದೆ ಕಟ್ಟಿದ್ದ ಬಟ್ಟೆಯ ಡೇರೆಯನ್ನು ತೋರಿಸಿ, “ನಾನೂ ನೀನೂ ಹೊರಗ, ಉದಯಾ. ಹೆಣ್ಮಕ್ಕಳು ಒಳಗಿರಲಿ,” ಎಂದರು.

“ಹೂಂ ಅಣ್ಣಾ,” ಎಂದರು ಇವರು.

ಗೌರಕ್ಕ ಚಹಕ್ಕೆ ಒಲೆ ಹಚ್ಚಲು ಹೋದಳು. ಅದೇ ಒಲೆ. “ಇದ್ಯಾಕ ನಿಂದರವಲ್ದು?” ಬಗ್ಗಿ ಮೂಸಿದಳು. “ಹಾಲಿನ ವಾಸನಿ. ಉಕ್ಕಿ ಚೆಲ್ಲಿತೇನ?”

“ಚೆಲ್ಲಿದ್ದಲ್ಲ ಅಕ್ಕಾ. ಉಕ್ಕಿಸಿದ್ದು.”

ಒಂದು ಕ್ಷಣ ಅವಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಬಾಯಿ ಮೇಲೆ ಕೈ ಇಟ್ಟುಕೊಂಡು ಹೊರಗೆ ಓಡಿದಳು. “ಕೇಳಿದ್ರೇನ್ರೀ? ನಿಮ್ಮ ತಮ್ಮನ ಹೇಂತಿ ಬಾಡಿಗಿ ಗಾಡ್ಯಾಗ ಮನಿ ಹೊಕ್ಕಾಳ! ನಮ್ಮನ್ನ ಕರೀಲೇ ಇಲ್ಲ!”

“ಪೂಜಿ ಮಾಡ್ಸಾಕ ಐನಾರನ್ನರ ಕರೀಬೇಕಿತ್ತಲ್ಲೋ ಉದಯಾ,” ಎಂದು ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. “ಗಾಲಿಗೂ ವಿಭೂತಿ ಹಚ್ಚತಿದ್ರು.”

ಅವರು ನಕ್ಕದ್ದಕ್ಕೆ ನನಗೇನೂ ಆಗಲಿಲ್ಲ. ನಗುವಂಥದ್ದೇ. ಆದರೆ ಬಾಗಿಲಿನಿಂದ ನೋಡಿದರೆ ಇವರೂ ನಗುತ್ತಿದ್ದರು, ನೆಲ ನೋಡಿಕೊಂಡು.

ಗೌರಕ್ಕ ಕೆಟ್ಟವಳಲ್ಲ. ರಾತ್ರಿ ನನ್ನ ಕೂದಲು ಬಿಡಿಸುತ್ತ, “ನೀ ಇಲ್ಲದ ನಾಲ್ಕು ದಿನ ಮನಿ ಬಿಕೋ ಅಂತಿತ್ತವಾ. ಅದಕ್ಕ ಓಡಿ ಬಂದ್ವಿ,” ಎಂದಳು. ಅವಳಿಗೂ ಮಾತಾಡಲು ಯಾರಿದ್ದಾರೆ? ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನಿನಲ್ಲಿ ಉತ್ತರ ಕೊಡುತ್ತಾಳೆ.

ಗುರುವಾರ ಅಣ್ಣ ತಮ್ಮ ಇಬ್ಬರೇ ಕೆರೆ ಸುತ್ತಲು ಹೋದರು. ಈಗ ಹೇಳುತ್ತಾರೆ ಅಂದುಕೊಂಡೆ. ಅವರ ಅಂಗಿಗಳು ಆಚೆ ದಂಡೆಯಲ್ಲಿ ಎರಡು ಚುಕ್ಕೆಯಾಗುವ ತನಕ ನೋಡಿದೆ. ತಿರುಗಿ ಬಂದಾಗ ಕಾರಿನ ಟೈರಿನ ಮಾತು ನಡೆದಿತ್ತು. ಶುಕ್ರವಾರ ಊಟದ ಹೊತ್ತಿಗೆ ಇವರು ತಟ್ಟೆಯಿಂದ ಕೈ ತೆಗೆದು, “ಅಣ್ಣಾ...” ಎಂದರು. ನಾನು ಬಡಿಸುವುದನ್ನು ನಿಲ್ಲಿಸಿದೆ. “ಏನೋ?” ಎಂದರು ಭಾವ. “ಗ್ಯಾಸ್ ಮುಗ್ಯಾಕ ಬಂದೈತಿ ಕಾಣ್ತೈತಿ,” ಎಂದರು ಇವರು.

ಶನಿವಾರ ಹನ್ನೊಂದಕ್ಕೆ ಫ್ರಾವ್ ಎಡರ್ ಬಂದರು. ಕಾಗದ ಹಿಡಿದುಕೊಂಡು ಒಂದೊಂದೇ ನೋಡಿದರು. ಹಾಸಿಗೆ, ನೀರಿನ ತೊಟ್ಟಿ, ಲೋಟಗಳು. ಒಲೆ ಹಚ್ಚಿದರು, ಉರಿ ನಿಲ್ಲಲಿಲ್ಲ. ಹುಬ್ಬೇರಿಸಿ ಏನೋ ಕೇಳಿದರು.

“ಏನಾಯಿತು ಅಂತ ಕೇಳ್ತಾಳ,” ಎಂದಳು ಪವಿ.

“ಹಾಲಿಟ್ಟು ಮರ್ತಿದ್ವಿ ಅನ್ನು,” ಎಂದಳು ಗೌರಕ್ಕ.

“ಮರ್ತಿಲ್ಲ, ಪವಿ,” ಎಂದೆ. ನನ್ನ ದನಿ ಹೊರಬಂದದ್ದು ನನಗೇ ಆಶ್ಚರ್ಯ. ಪವಿಗೆ ನಾನು ಕಾಕು, ಚಿಕ್ಕಮ್ಮ. “ಕಾಕು ಬೇಕಂತ ಉಕ್ಕಿಸ್ಯಾಳ ಅನ್ನು. ಹೊಸ ಮನಿಗೆ ಹಂಗ ಮಾಡ್ತೀವಿ ಅನ್ನು. ತಪ್ಪಾತು ಅಂತನೂ ಹೇಳು.”

ಪವಿ ಹೇಳಿದಳು. ಫ್ರಾವ್ ಎಡರ್ ನನ್ನನ್ನೇ ನೋಡುತ್ತ ಕೇಳಿಸಿಕೊಂಡರು. ಆಮೇಲೆ ಒಲೆಯ ಮುಚ್ಚಳ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಳಗೆ ಸುಟ್ಟು ಹತ್ತಿದ್ದ ಹಾಲಿನ ಕಂದು ಹಕ್ಕಳೆ ತಿಕ್ಕಿದರು. ಹಚ್ಚಿದರು. ಉರಿ ನಿಂತಿತು. ಕಾಗದದ ಮೇಲೆ ಗುರುತು ಹಾಕಿ, ಬಾಗಿಲ ಹೊರಗೆ ಬಂದು, ನನ್ನನ್ನೂ ಇವರನ್ನೂ ತೋರಿಸಿ ನಿಧಾನವಾಗಿ ಏನೋ ಹೇಳಿದರು.

“ಇನ್ನ ಯಾರೂ ಬುಕ್ ಮಾಡಿಲ್ಲಂತ,” ಎಂದಳು ಪವಿ. “ಅಕ್ಟೋಬರ್ ಎಂಡ್ ತನಕಾ ಲೇರ್, ಖಾಲಿ. ಕಾಕಾ, ಕಾಕು ಬೇಕಂದ್ರ ಇರಬಹುದಂತ. ಆಮ್ಯಾಲೆ ಕ್ಯಾಂಪಿಂಗ್ ಬಂದ್.”

ಭಾವ ನಕ್ಕು, “ಇಲ್ಲೇನ್ ಸಂಸಾರ ಮಾಡೂದೇ? ಅನ್‌ಮೆಲ್ಡುಂಗ್ ಹೆಂಗ ಮಾಡ್ಸೂದು? ಸರ್ಕಾರದಾಗ ಬರಸಾಕ ವಿಳಾಸ ಬ್ಯಾಡೇನ?” ಎಂದು ಕಾರಿನ ಡಿಕ್ಕಿ ತೆರೆಯಲು ಹೋದರು.

ಸರ್ಕಾರಿ ಆಫೀಸಿನಲ್ಲಿ ಬರೆಸಿರುವ ವಿಳಾಸ ಭಾವನ ಮನೆಯದೇ, ಅದು ಹಾಗೇ ಇರಬಹುದು. ಬಸ್ಸು ಗೇಟಿಗೇ ಬರುತ್ತದೆ. ಎರಡು ತಿಂಗಳಲ್ಲಿ ಮನೆ ಹುಡುಕಬಹುದು. ಇದೆಲ್ಲ ನನಗೆ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಇವರು ಬ್ಯಾಗಿನ ಪಟ್ಟಿಯನ್ನು ಎಳೆದು ಎಳೆದು ಬಿಗಿಯುತ್ತಿದ್ದರು. ನಾನು ಕಾದೆ. ಫ್ರಾವ್ ಎಡರ್ ಕೂಡ ಕಾದರು, ಬೀಗದ ಕೈ ಅಂಗೈಯಲ್ಲಿತ್ತು.

ಭಾವನೆದುರು ನಾನು ಎಂದೂ ತಲೆ ಎತ್ತಿ ಮಾತಾಡಿದವಳಲ್ಲ.

“ಭಾವಾರ,” ಎಂದೆ. “ನಾವಿಬ್ರೂ ಅಕ್ಟೋಬರ್ ತನಕಾ ಇರ್ತೀವ್ರಿ. ಆಕಿಗೆ ಹೂಂ ಅನ್ರಿ.”

ಭಾವನ ಕೈ ಡಿಕ್ಕಿಯ ಮೇಲೆ ನಿಂತಿತು. ಅವರು ನನ್ನನ್ನು ನೋಡಲಿಲ್ಲ, ತಮ್ಮನನ್ನು ನೋಡಿದರು. ಗೌರಕ್ಕ ಪವಿಯ ಹೆಗಲು ಹಿಡಿದು ಹತ್ತಿರ ಎಳೆದುಕೊಂಡಳು. ಇವರು ಪಟ್ಟಿ ಬಿಟ್ಟು ನೆಟ್ಟಗೆ ನಿಂತರು. ಅವರ ಕಿವಿಗಳು ಕೆಂಪಾಗಿದ್ದವು.

ನಾನು ಅವರ ಹತ್ತಿರ ಹೋಗಿ, ಅವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ ಹೇಳಿದೆ.

“ಇಲ್ಲೇ ಇರೋಣ್ರಿ.”