ಹದಿನಾಲ್ಕು ಗಡಿಯಾರಗಳ ಮನೆ

ನಮ್ಮ ಬೀದಿಯಲ್ಲಿ ಒಂದು ಮನೆ ಇತ್ತು. ಅಲ್ಲಿ ಹನ್ನೆರಡು ಗಂಟೆ ಹೊಡೆದು ಮುಗಿಯಲು ಕಾಲು ಗಂಟೆ ಬೇಕಾಗುತ್ತಿತ್ತು. ಎರಡೇ ಕೋಣೆ, ಇರುವವರು ಇಬ್ಬರೇ, ಗೋಡೆಯ ಮೇಲೆ ಮಾತ್ರ ಹದಿನಾಲ್ಕು ಗಡಿಯಾರ. ಒಂದು ಮುಂದೆ, ಒಂದು ಹಿಂದೆ. ಅಲ್ಲಿ ಕುಳಿತವರಿಗೆ ಸಮಯ ತಿಳಿಯಬೇಕಾದರೆ ಹೊರಗೆ ಬಂದು ದಾರಿಹೋಕರನ್ನು ಕೇಳಬೇಕಿತ್ತು.

ಆ ಹದಿನಾಲ್ಕನ್ನೂ ಮಾರಿದವನು ನಾನೇ. ಅವರ ಮನೆಗೆ ಅಂಟಿಕೊಂಡೇ ನನ್ನ ಗಡಿಯಾರದ ಅಂಗಡಿ ಇದೆ.

ಮನೆಯಲ್ಲಿರುವವರು ಅಕ್ಕ, ತಮ್ಮ. ಅಕ್ಕನಿಗೆ ಎಪ್ಪತ್ತು ದಾಟಿದೆ. ನಾನು ಅವಳಿಗಿಂತ ಎರಡು ವರ್ಷ ದೊಡ್ಡವನು, ಆದರೂ ಇಡೀ ಬೀದಿಯಂತೆ ನಾನೂ ಅಕ್ಕ ಎಂದೇ ಕರೆಯುತ್ತೇನೆ. ಮೊದಲು ಮನೆಮನೆಯ ಬಟ್ಟೆ ತಂದು ಇಸ್ತ್ರಿ ಮಾಡುತ್ತಿದ್ದಳು. ಈಗ ವೃದ್ಧಾಪ್ಯ ವೇತನ ಬರುತ್ತದೆ. ತಮ್ಮ ಬೆತ್ತದ ಕುರ್ಚಿ ಹೆಣೆಯುವವನು. ಚಿಕ್ಕಂದಿನಿಂದ ಎರಡೂ ಕಾಲಿಗೆ ಬಲವಿಲ್ಲ. ಅವನಿಗೆ ಅಂಗವಿಕಲರ ವೇತನ ಬರುತ್ತದೆ. ಕಾಲಿಗಿಲ್ಲದ ಬಲವೆಲ್ಲ ಬೆರಳಿಗೆ ಬಂದಿದೆ ಎಂದು ಜನ ಹೇಳುತ್ತಾರೆ. ಅವನು ಹೆಣೆದ ಕುರ್ಚಿಯಲ್ಲಿ ಕುಳಿತ ಅಜ್ಜ ಹೋದ, ಮೊಮ್ಮಗ ಕುಳಿತಿದ್ದಾನೆ, ಬೆತ್ತ ಇನ್ನೂ ಜಗ್ಗಿಲ್ಲ.

ಇಷ್ಟು ಗಡಿಯಾರ ಯಾಕೆ ಎಂದು ನೀವು ಕೇಳಬಹುದು. ಸರ್ಕಾರದ ಒಂದು ನಿಯಮವಿತ್ತು. ವೇತನ ಪಡೆಯುವವರ ಉಳಿತಾಯ ಇಪ್ಪತ್ತು ಸಾವಿರ ದಾಟಿದರೆ ವೇತನ ನಿಲ್ಲುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರಲ್ಲ, ಇವರು ಹಳ್ಳವಾಗುವ ಮೊದಲೇ ಚೆಲ್ಲಿಬಿಡಬೇಕಿತ್ತು. ತಮ್ಮನ ಪಾಸ್‌ಪುಸ್ತಕ ಆ ಗೆರೆಯ ಹತ್ತಿರ ಬಂದಾಗಲೆಲ್ಲ ಇಬ್ಬರೂ ಏನಾದರೊಂದು ಕೊಳ್ಳಲು ಹೊರಡುತ್ತಿದ್ದರು. ಬೀದಿಯ ಉಳಿದ ಅಂಗಡಿಗಳಿಗೆಲ್ಲ ಮೂರು ಮೂರು ಮೆಟ್ಟಿಲು. ನನ್ನ ಅಂಗಡಿಗೆ ಮಾತ್ರ ಮೆಟ್ಟಿಲಿಲ್ಲ. ಅವನ ಗಾಲಿಕುರ್ಚಿ ಒಳಗೆ ಬರುವುದು ಇದೊಂದಕ್ಕೇ. ಹಾಗಾಗಿ ಗಡಿಯಾರ.

ಹಣವನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡಿ ಎಂದು ಬುದ್ಧಿ ಹೇಳಿದವರೂ ಇದ್ದರು. ದುಡಿದ ದುಡ್ಡನ್ನು ಕದ್ದ ದುಡ್ಡಿನ ಹಾಗೆ ಇಡುವುದಿಲ್ಲ ಎಂದು ಅಕ್ಕ ಅವರ ಬಾಯಿ ಮುಚ್ಚಿಸಿದಳು. ಅವಳ ಹೆದರಿಕೆಗೂ ಕಾರಣವಿತ್ತು. ಬಹಳ ಹಿಂದೆ ಸೂರು ಸೋರುತ್ತದೆಂದು ದುಡ್ಡು ಕೂಡಿಟ್ಟಿದ್ದರು. ಗೆರೆ ದಾಟಿದ್ದು ಮುನ್ನೂರು ಮಾತ್ರ. ವೇತನ ನಿಂತಿದ್ದು ಹನ್ನೊಂದು ತಿಂಗಳು. ಆ ಹನ್ನೊಂದು ತಿಂಗಳೂ ಅಕ್ಕ ಇನ್ನೂ ನಾಲ್ಕು ಮನೆಯ ಬಟ್ಟೆ ಹೆಚ್ಚಿಗೆ ತಂದು ಇಸ್ತ್ರಿ ಮಾಡಿದಳು. ಅವಳ ಬಲಭುಜ ಇವತ್ತಿಗೂ ಅದನ್ನು ಮರೆತಿಲ್ಲ.

ಹೋದ ವರ್ಷ ಅಕ್ಕನ ಮಂಡಿಗಳು ಕೈಕೊಟ್ಟವು. ನಮ್ಮ ಬೀದಿ ಏರು. ನಲವತ್ತು ವರ್ಷ ಅವಳೇ ತಮ್ಮನ ಗಾಲಿಕುರ್ಚಿಯನ್ನು ಕೆಳಗಿಳಿಸಿ ಮೇಲಕ್ಕೆ ತಳ್ಳಿದ್ದಳು. ಈಗ ಆಗದು. ತಮ್ಮ ಮನೆಯಲ್ಲೇ ಉಳಿದ. ಕುರ್ಚಿ ಹೊತ್ತು ಏರು ಹತ್ತಿ ಬರಲು ಗಿರಾಕಿಗಳಿಗೆ ಬೇಸರ. ಕೆಲಸ ಅರ್ಧಕ್ಕರ್ಧ ಇಳಿಯಿತು. ಬ್ಯಾಟರಿಯ ಮೂರು ಚಕ್ರದ ಗಾಡಿಯೊಂದಿದ್ದರೆ ಅವನೇ ಗಿರಾಕಿಗಳ ಬಾಗಿಲಿಗೆ ಹೋಗಬಹುದಿತ್ತು. ಅದರ ಬೆಲೆ ಐವತ್ತು ಸಾವಿರ. ಗಾಡಿಯ ಚಿತ್ರವಿದ್ದ ಕಾಗದವನ್ನು ಅವನು ಬೆತ್ತದ ಕಟ್ಟಿನ ಕೆಳಗೆ ಮಡಚಿ ಇಟ್ಟಿದ್ದ. ಇಪ್ಪತ್ತು ದಾಟಬಾರದವನು ಐವತ್ತು ಕೂಡಿಸುವುದು ಹೇಗೆ?

ಅಷ್ಟರಲ್ಲಿ ವಾಚನಾಲಯದ ಮೂವತ್ತು ಕುರ್ಚಿಗಳ ಕೆಲಸ ಅವನಿಗೆ ಸಿಕ್ಕಿತು. ವಾಚನಾಲಯದವರೇ ಗಾಡಿಯಲ್ಲಿ ತಂದು ಇಳಿಸಿ, ಮುಗಿದ ಮೇಲೆ ಒಯ್ದರು. ಕೈತುಂಬ ಹಣ ಬಂತು. ಮರುದಿನವೇ ಅಕ್ಕ ತಮ್ಮ ನನ್ನ ಅಂಗಡಿಯಲ್ಲಿದ್ದರು. ಈ ಸಲ ಸಣ್ಣ ಗಡಿಯಾರ ಸಾಲದು. ಮೂಲೆಯಲ್ಲಿ ಒಂದು ದೊಡ್ಡ ಲೋಲಕದ ಗಡಿಯಾರ ಒಂಬತ್ತು ವರ್ಷದಿಂದ ಧೂಳು ಕುಡಿಯುತ್ತಿತ್ತು. ಅಕ್ಕ ಅದರ ಕಡೆ ಬೆರಳು ತೋರಿಸಿದಳು. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. ಬಟ್ಟೆ ತಂದು ಒರೆಸಲು ಶುರುಮಾಡಿದೆ.

ಆಗ ಅಂಚೆ ಹಂಚುವ ಹೆಂಗಸು ಒಳಗೆ ಬಂದಳು. ತಿಂಗಳು ತಿಂಗಳು ಇವರಿಬ್ಬರ ವೇತನ ತಂದುಕೊಡುವವಳೂ ಅವಳೇ.

"ಅಕ್ಕಾ, ಮತ್ತೆ ಗಡಿಯಾರಾನಾ? ಇನ್ನು ನೀವಿಬ್ರು ಮಲಗೋದೆಲ್ಲಿ?"

"ಮನೆ ಗಡಿಯಾರಗಳಿಗೆ ಬಾಡಿಗೆಗೆ ಕೊಟ್ಟು ನಿಮ್ಮನೆಗೆ ಬರ್ತೀವಿ ಬಿಡಮ್ಮ," ಎಂದಳು ಅಕ್ಕ.

ಅಂಚೆಯವಳು ನಕ್ಕಳು. ಆಮೇಲೆ ಚೀಲವನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಹೇಳಿದಳು. "ಮಿತಿ ಜಾಸ್ತಿ ಮಾಡಿದಾರೆ ಅಕ್ಕಾ. ಐದು ತಿಂಗಳಾಯ್ತು. ಇಪ್ಪತ್ತು ಸಾವಿರ ಇದ್ದಿದ್ದು ಈಗ ಒಂದು ಲಕ್ಷ. ಇವರ ವೇತನಕ್ಕೂ ಅಷ್ಟೇ, ನಿಮ್ಮ ವೇತನಕ್ಕೂ ಅಷ್ಟೇ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."



ಅಕ್ಕ ನಂಬಲಿಲ್ಲ. ಉಳಿಸುವವರನ್ನು ಹಿಡಿಯಲು ಹೂಡಿದ ಉಪಾಯ ಇರಬೇಕು ಎಂದಳು. ಇಲಿಗೆ ಬೋನು ತೋರಿಸಿ ಇದೇ ನಿನ್ನ ಹೊಸ ಮನೆ ಅನ್ನುವವರನ್ನು ತಾನು ಬೇಕಾದಷ್ಟು ನೋಡಿದ್ದೇನೆ ಎಂದಳು. ಅಂಚೆಯವಳು ಎಷ್ಟು ಹೇಳಿದರೂ ಅವಳದು ಒಂದೇ ಮಾತು: "ಒಂದ್ಸಲ ಬಾಯಿ ಸುಟ್ಕೊಂಡಿದೀನಮ್ಮ. ಈಗ ತಣ್ಣೀರನ್ನೂ ಊದ್ಕೊಂಡೇ ಕುಡಿಯೋದು."

ತಮ್ಮ ಕಡಿಮೆ ಮಾತಿನವನು. ಅಷ್ಟು ಹೊತ್ತು ತೊಡೆಯ ಮೇಲಿನ ತನ್ನ ಕೈಗಳನ್ನೇ ನೋಡುತ್ತಿದ್ದ. ಈಗ ತಲೆಯೆತ್ತಿದ.

"ಅಕ್ಕಾ, ಈ ಗಡಿಯಾರ ನಾಳೆನೂ ಇಲ್ಲೇ ಇರತ್ತೆ. ಒಂಬತ್ತು ವರ್ಷದಿಂದ ಯಾರೂ ತಗೊಂಡಿಲ್ಲ. ಕೇಳಿ ಬರೋದಕ್ಕೆ ದುಡ್ಡು ಕೊಡಬೇಕಾ?"

ನಾನು ಒರೆಸುವ ಬಟ್ಟೆ ಕೆಳಗಿಟ್ಟೆ. ಅಂಗಡಿಗೆ ಬೀಗ ಹಾಕಿದೆ. ಹಾಡಹಗಲು ನಾನು ಬೀಗ ಹಾಕಿದ್ದು ನನ್ನ ಮದುವೆಯ ದಿನ ಬಿಟ್ಟರೆ ಅವತ್ತೇ.

ಮೂವರೂ ಇಳಿಜಾರಿನಲ್ಲಿ ವೇತನದ ಕಚೇರಿಗೆ ಹೋದೆವು. ಅಂಚೆಯವಳು ಸೈಕಲ್ಲಿನಲ್ಲಿ ಮುಂದೆ ಹೋಗಿ ಕಾಯುತ್ತಿದ್ದಳು. ಕಚೇರಿಯ ಬಾಗಿಲನ್ನು ಗೋಡೆಯಿಂದ ಎಳೆದು ತೋರಿಸಿದಳು. ಹೊಸ ಮಿತಿಯ ಪ್ರಕಟಣೆಯನ್ನು ಅಲ್ಲೇ ಅಂಟಿಸಿದ್ದರು, ಬಾಗಿಲ ಹಿಂದೆ. ಬಾಗಿಲು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತದೆ. ಯಾರಿಗೆ ಕಾಣಬೇಕು? ಕಚೇರಿ ಮುಚ್ಚಿದ ಮೇಲೆ ಜಿರಳೆಗಳು ಓದಿಕೊಂಡಿರಬೇಕು ಎಂದು ತಮ್ಮ ಅಂದ.

ಕಿಟಕಿಯಲ್ಲಿದ್ದ ಗುಮಾಸ್ತ ಒಳ್ಳೆಯವನು. ಆದೇಶವನ್ನು ಎರಡು ಸಲ ಓದಿ ಹೇಳಿದ. ಅಂಚೆಯವಳು ಹೇಳಿದ್ದು ಅಕ್ಷರಶಃ ನಿಜ. ಆದರೆ ಅಕ್ಕ ಅಷ್ಟಕ್ಕೆ ಬಿಡುವವಳಲ್ಲ. ತನ್ನದನ್ನೂ ತಮ್ಮನದನ್ನೂ ಕೂಡಿಸಿ ಎಣಿಸುತ್ತೀರೋ, ಬೇರೆ ಬೇರೆಯೋ ಎಂದು ಕೇಳಿದಳು. ಬೇರೆ ಬೇರೆ, ಒಬ್ಬೊಬ್ಬರಿಗೆ ಒಂದೊಂದು ಲಕ್ಷ ಎಂದ. ಹಾಗಾದರೆ ಇದನ್ನೆಲ್ಲ ಬರೆದುಕೊಡಿ ಎಂದಳು.

"ನಾನೇ ಹೇಳ್ತಿದೀನಲ್ಲಮ್ಮ, ಸಾಲದಾ?"

"ನೀವು ಹೇಳ್ತೀರಪ್ಪ. ನಾಳೆ ಈ ಕಿಟಕಿಯಲ್ಲಿ ಬೇರೆಯವರು ಕೂತಿರ್ತಾರೆ. ಅವರಿಗೆ ನಿಮ್ಮ ಮಾತು ಕೇಳ್ಸಲ್ಲ."

ಗುಮಾಸ್ತನಿಗೂ ನಗು ಬಂತು. ಆದೇಶದ ಪ್ರತಿ ತೆಗೆಸಿ, ಕೆಳಗೆ ಸಹಿ ಹಾಕಿ, ಮೊಹರು ಒತ್ತಿ ಕೊಟ್ಟ. ಮೊಹರಿನ ಶಾಯಿ ಒಣಗುವವರೆಗೂ ಅಕ್ಕ ಅದನ್ನು ಊದುತ್ತ ನಿಂತಿದ್ದಳು. ಆಮೇಲೆ ತಮ್ಮನ ಕಡೆ ತಿರುಗಿ ಕೇಳಿದಳು: "ಆ ಬೆತ್ತದ ಕೆಳಗಿರೋ ಚಿತ್ರ ಎಲ್ಲೋ? ಅದರ ಬೆಲೆ ಸರಿಯಾಗಿ ನೋಡಿದೀಯ ತಾನೇ?"

ಆ ಚಿತ್ರದ ವಿಷಯ ಅಕ್ಕನಿಗೆ ಗೊತ್ತಿಲ್ಲ ಎಂದೇ ಅವನು ತಿಳಿದಿದ್ದ.

ವಾಪಸ್ಸು ಏರಿನಲ್ಲಿ ಅಂಚೆಯವಳೂ ನಾನೂ ಸೇರಿ ತಳ್ಳಿದೆವು. ತಮ್ಮ ಕುಳಿತಲ್ಲಿಂದಲೇ, ಚೆನ್ನಾಗಿ ತಳ್ಳಿ, ಇನ್ನು ಈ ಭಾಗ್ಯ ನಿಮಗೆ ಸಿಗುವುದಿಲ್ಲ ಎಂದ. ಗಾಡಿ ಬರುವವರೆಗೆ ಬಾಯಿ ಮುಚ್ಚಿಕೊಂಡು ಕೂತಿರು ಎಂದು ಅಕ್ಕ ಗದರಿದಳು. ಗದರುವಾಗಲೂ ನಗುತ್ತಿದ್ದಳು.

ಎಂಟು ತಿಂಗಳಿಗೆ ಗಾಡಿ ಬಂತು. ಹಸಿರು ಬಣ್ಣದ್ದು. ಮೊದಲ ಸವಾರಿಗೆ ಅಕ್ಕ ಹಿಂದಿನ ಸೀಟಿನಲ್ಲಿ ತಮ್ಮನ ಅಂಗಿ ಹಿಡಿದು, ಕಣ್ಣು ಮುಚ್ಚಿ ಕುಳಿತಳು. ನಲವತ್ತು ವರ್ಷ ತಾನು ತಳ್ಳಿದ್ದ ಏರನ್ನು ತಮ್ಮ ಅವಳನ್ನು ಕೂರಿಸಿಕೊಂಡು ಹತ್ತಿದ. ತುದಿ ಮುಟ್ಟಿದ ಮೇಲೆ ಅಕ್ಕ ಕಣ್ಣು ತೆರೆದಳು, ಕೆಳಗಿನ ಬೀದಿಯನ್ನು ನೋಡಿದಳು, ಇನ್ನೊಂದು ಸಲ ಹೋಗೋಣ ಎಂದಳು. ಅವತ್ತು ಏಳು ಸಲ ಹತ್ತಿಳಿದರು. ನಾವೆಲ್ಲ ಬಾಗಿಲಲ್ಲಿ ನಿಂತು ಎಣಿಸಿದೆವು.

ಈಗ ಅವನೇ ಮನೆಮನೆಗೆ ಹೋಗಿ ಕುರ್ಚಿ ತರುತ್ತಾನೆ. ಹೋಗುವಾಗ ಗಡಿಯಾರವಿಲ್ಲದ ಮನೆಗಳಿಗೆ ಒಂದೊಂದು ಕೊಟ್ಟು ಬಂದ. ಒಂದನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಆ ಮನೆಯಲ್ಲಿ ಈಗ ಹನ್ನೆರಡಕ್ಕೆ ಹನ್ನೆರಡೇ ಹೊಡೆಯುತ್ತದೆ. ದೊಡ್ಡ ಗಡಿಯಾರಕ್ಕೆಂದು ಅಕ್ಕ ಮೊದಲೇ ಹೊಡೆಸಿಟ್ಟಿದ್ದ ಮೊಳೆಗೆ ಗಾಡಿಯ ಬೀಗದ ಕೈ ನೇತು ಹಾಕಿದ್ದಾರೆ. ಆ ಗಡಿಯಾರ ಇನ್ನೂ ನನ್ನ ಅಂಗಡಿಯ ಮೂಲೆಯಲ್ಲೇ ಇದೆ. ಮಾರಾಟವಾಗದ ಮಾಲನ್ನು ದಿನಾ ನೋಡಿ ಸಂತೋಷಪಡುವ ವ್ಯಾಪಾರಿ ನಾನೊಬ್ಬನೇ ಇರಬೇಕು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ವೃದ್ಧಾಪ್ಯ ವೇತನವೋ ಅಂಗವಿಕಲರ ವೇತನವೋ ಬರುತ್ತಿದ್ದರೆ, ಉಳಿಸಲು ಹೆದರಿ ಬೇಡದ ವಸ್ತು ಕೊಳ್ಳಬೇಡಿ. ಉಳಿಸಿದ್ದನ್ನು ಬಚ್ಚಿಡಲೂ ಬೇಡಿ. ಇವತ್ತಿನ ಮಿತಿ ಎಷ್ಟು ಎಂದು ಕಿಟಕಿಗೆ ಹೋಗಿ ಕೇಳಿ. ಒಬ್ಬರಿಗೆಷ್ಟು, ಮನೆಗೆಷ್ಟು ಎಂದು ಬಿಡಿಸಿ ಕೇಳಿ. ಅಕ್ಕನ ಹಾಗೆ ಬರೆಸಿಕೊಂಡು, ಮೊಹರು ಹಾಕಿಸಿಕೊಂಡು ಬನ್ನಿ. ನಿಮಗೆ ತಿಳಿದದ್ದನ್ನು ಪಕ್ಕದ ಮನೆಗೂ ಹೇಳಿ. ಮಿತಿ ಇನ್ನೂ ಹಳೆಯದೇ ಇದ್ದರೆ, ಹತ್ತು ಜನ ಸೇರಿ ಹೆಚ್ಚಿಸಿ ಎಂದು ಅರ್ಜಿ ಕೊಡಿ.

ಕಚೇರಿಗೆ ಹೋದಾಗ ಬಾಗಿಲ ಹಿಂದೆಯೂ ಒಮ್ಮೆ ನೋಡಿ ಬನ್ನಿ.