ಕಾರ್ಯದರ್ಶಿಗಳ ಬೀರು

ಬೀಗದ ಕೈ ತನ್ನ ಹತ್ತಿರವೇ ಇತ್ತು ಅನ್ನುವುದನ್ನು ಸರ್ವಮಂಗಳ ಅತ್ತೆಗೆ ಹೇಳಬಾರದಾಗಿತ್ತು.

"ಅಂದ್ರೆ," ಪುಟ್ಟಮಲ್ಲಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಕೇಳಿದರು, "ಇಸ್ಕೂಲಿನ ಬೀರು ಬೀಗದ ಕೈ ನಿನ್ನತ್ರ. ನಿನ್ ಮಾರ್ಕ್ಸ್ ಕಾರ್ಡು ಆ ಬೀರು ಒಳಗೆ. ನೀನು ಬೀಗ ಹಾಕಿ, ಕೈಯ ಆ ಕಾರ್ಯದರ್ಶಿ ಮೇಜಿನ ಮ್ಯಾಲೆ ಮಡಗಿ ಬಂದೆ."

"ಹೂಂ ಅತ್ತೆ."

"ಮೊದ್ಲು ನಿಂದು ಎತ್ಕಂಡು ಆಮ್ಯಾಕೆ ಮಡಗಬೋದಿತ್ತು."

"ಹಂಗೆ ತಗಂಡ್ರೆ ಕದ್ದಂಗೆ ಆಗ್ತಿತ್ತು."

"ನಿನ್ ಕಾರ್ಡ ನೀನೇ."

"ರಿಜಿಸ್ಟರಲ್ಲಿ ಸರ್ ಸೈನ್ ಇಲ್ದೆ ಯಾರದ್ದೂ ಕೊಡೋ ಹಂಗಿಲ್ಲ ಅತ್ತೆ."

ಪುಟ್ಟಮಲ್ಲಮ್ಮ ಸೊಸೆಯನ್ನು ಒಂದು ಗಳಿಗೆ ನೋಡಿದರು. "ಹುಡುಗಿ ಬಿ.ಕಾಂ ಓದವ್ಳೆ ಅಂತ ನಿಮ್ಮಪ್ಪ ಅಂದಾಗ, ನಮ್ಮನೇಲಿ ಇವ್ಳ ಹೆಂಗಪ್ಪಾ ನಿಭಾಯ್ಸದು ಅಂತ ಭಯ ಬಿದ್ದಿದ್ದೆ ಕಣವ್ವ. ಸುಮ್ನೆ ಬಿದ್ದಿದ್ದೆ," ಅಂದು ಮತ್ತೆ ಮೊರಕ್ಕೆ ಕೈ ಹಾಕಿದರು.

ಸರ್ವಮಂಗಳ ಬಿ.ಕಾಂ ಮಾಡಿದ್ದು ಸಂಜೆ ಕಾಲೇಜಿನಲ್ಲಿ. ಹಗಲು ಕೆ.ಆರ್. ನಗರದ ಅಕ್ಕಿ ಗಿರಣಿಯಲ್ಲಿ ಚೀಟಿ ಬರೆದು, ಸಂಜೆ ರೈಲು ಹಿಡಿದು ಮೈಸೂರಿಗೆ ಹೋಗಿ, ಮುಂದಿನ ಬೆಂಚಿನಲ್ಲಿ ಕೂತು ತೂಕಡಿಸದೆ ಓದಿದವಳು. ಹಗಲಿನ ಕಾಲೇಜಿನಲ್ಲಿ ಓದಿದವರಿಗೆ ಇನ್ನೇನೋ ಹೆಚ್ಚಿಗೆ ಗೊತ್ತಿರುತ್ತದೆ ಅನ್ನುವ ಅಳುಕು ಅವಳನ್ನು ಈ ಮೂವತ್ತನಾಲ್ಕರಲ್ಲೂ ಬಿಟ್ಟಿರಲಿಲ್ಲ. ಅದಕ್ಕೇ ಭೇರ್ಯದ ಖಾಸಗಿ ಶಾಲೆಯಲ್ಲಿ ಏಳು ವರ್ಷ ಗುಮಾಸ್ತೆಯಾಗಿದ್ದಷ್ಟೂ ದಿನ, ಹೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ನಿಯಮ ಪಾಲಿಸಿದಳು.

ಆ ಶಾಲೆಯ ಗೇಟು ಅರಮನೆಯದ್ದು. ಗೇಟು ದಾಟಿದರೆ ತಗಡಿನ ಶೀಟಿನ ಮೂರು ಸಾಲು. ಗೇಟಿನ ಮೇಲೆ ಕಾರ್ಯದರ್ಶಿ ನಂಜುಂಡೇಶರ ಫ್ಲೆಕ್ಸು. ಸಂಕ್ರಾಂತಿಗೆ ಕೈ ಮುಗಿದ ನಂಜುಂಡೇಶ್, ಗಣರಾಜ್ಯೋತ್ಸವಕ್ಕೆ ಸಲ್ಯೂಟ್ ಹೊಡೆದ ನಂಜುಂಡೇಶ್. ಹಬ್ಬ ಬದಲಾದ ಹಾಗೆ ಕೈ ಬದಲಾಗುತ್ತಿತ್ತು, ಮುಖ ಅದೇ. "ಸಂಸ್ಥೆ ಅಂದ್ರೆ ಒಂದು ಕುಟುಂಬ," ಅಂತ ಅವರು ಪ್ರತಿ ಮೀಟಿಂಗಿನಲ್ಲೂ ಹೇಳುವವರು. ಈ ಕುಟುಂಬಕ್ಕೆ ಸೇರುವ ದಿನವೇ ಎಸ್ಸೆಸ್ಸೆಲ್ಸಿಯ ಅಸಲಿ ಅಂಕಪಟ್ಟಿ ಒಪ್ಪಿಸಬೇಕು. ಬಿಡುವುದಾದರೆ ಒಂದು ತಿಂಗಳು ಮುಂಚೆ ನೋಟೀಸು ಕೊಡಬೇಕು. ನೋಟೀಸು ಕೊಟ್ಟವರನ್ನು ಆ ತಿಂಗಳು ಗೇಟು ಕಾಯಲು, ಕಕ್ಕಸಿನ ಮುಂದೆ ಮಕ್ಕಳನ್ನು ಸಾಲು ನಿಲ್ಲಿಸಲು ಹಾಕುತ್ತಿದ್ದರು. ಕೊಡದೆ ಹೋದವರ ಫೋಟೋ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಬರುತ್ತಿತ್ತು: ಈ ಭಾವಚಿತ್ರದಲ್ಲಿ ಇರುವವರಿಗೂ ನಮ್ಮ ಸಂಸ್ಥೆಗೂ ಯಾವುದೇ ಸಂಬಂಧ ಇರುವುದಿಲ್ಲ.

ಆ ಒಕ್ಕಣೆ ಬರೆದುಕೊಟ್ಟವಳು ಸರ್ವಮಂಗಳಳೇ.

ಹನ್ನೊಂದು ದಿನದ ಹಿಂದೆ ಕೆ.ಆರ್. ನಗರದ ಒಂದು ಸಹಕಾರ ಸಂಘದಿಂದ ಅವಳಿಗೆ ಗುಮಾಸ್ತೆ ಹುದ್ದೆಯ ಪತ್ರ ಬಂತು. ಬರುವ ಸೋಮವಾರ ಹತ್ತೂವರೆಗೆ ಅಸಲಿ ದಾಖಲೆ ತೋರಿಸಿ ಅವತ್ತೇ ಕೆಲಸಕ್ಕೆ ಸೇರಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ ಎಂದಿತ್ತು. ಒಂದು ತಿಂಗಳ ನೋಟೀಸಿಗೆ ಜಾಗವೇ ಇರಲಿಲ್ಲ. ನಂಜುಂಡೇಶರ ಮುಂದೆ ಏನು ಹೇಳಬೇಕು, ಅವರು ಏನಂದರೆ ತಾನು ಏನನ್ನಬೇಕು ಅಂತ ಎರಡು ದಿನ ಬಚ್ಚಲಮನೆಯಲ್ಲಿ ಮಾತು ಕಟ್ಟಿಕೊಂಡಳು. ಮಾತು ಬೇಕೇ ಆಗಲಿಲ್ಲ. ಅವರು ಇಲ್ಲದ ಹೊತ್ತಿನಲ್ಲಿ ರಾಜೀನಾಮೆ ಪತ್ರ, ಅದರ ಮೇಲೆ ಬೀಗದ ಕೈ ಇಟ್ಟು ಹೊರಟುಬಂದಳು. ಬಸ್ಸು ಅರ್ಧ ದಾರಿ ಬಂದ ಮೇಲೆ ಅಂಕಪಟ್ಟಿ ನೆನಪಾಯಿತು. ಫೋನು ಮಾಡಿದರೆ ಅವರು ಎತ್ತಲಿಲ್ಲ.

ಮೂರನೇ ದಿನ ವಾಟ್ಸಾಪಿನಲ್ಲಿ ಅವಳ ಫೋಟೋ ಬಂತು. ಒಕ್ಕಣೆ ತಿದ್ದುವವರು ಯಾರೂ ಉಳಿದಿರಲಿಲ್ಲವಾದ್ದರಿಂದ, ಫೋಟೋದ ಕೆಳಗೆ ಹಿಂದಿನವರದ್ದೇ 'ಸಮಾಜ ವಿಜ್ಞಾನ ಶಿಕ್ಷಕರು' ಹಾಗೇ ಇತ್ತು. ಮಗನ ಸಮಾಜ ವಿಜ್ಞಾನದ ನೋಟ್ಸು ಯಾರ ಹತ್ತಿರ ಇಸಕೊಳ್ಳಬೇಕು ಅಂತ ಇಬ್ಬರು ಪೋಷಕರು ಅವಳಿಗೇ ಫೋನು ಮಾಡಿದರು.

"ಫೋಟೋ ಚೆನ್ನಾಗದೆ," ಅಂದರು ಪುಟ್ಟಮಲ್ಲಮ್ಮ. "ಕಳ್ಳಿ ತರ ಏನ್ ಕಾಣಾಕಿಲ್ಲ. ಇವತ್ತು ಶನಿವಾರ, ಹೋಗಿ ಕೇಳು. ಅಳಬ್ಯಾಡ. ಅತ್ರೆ ಅವ್ನಿಗೆ ಊಟ ಸೇರ್ತದೆ."

ಭೇರ್ಯದಲ್ಲಿ ಬಸ್ಸಿಳಿದಾಗ ಹನ್ನೊಂದು ಗಂಟೆ ದಾಟಿತ್ತು. ಗೇಟಿನಲ್ಲಿ ಸೊಳ್ಳೆಬತ್ತಿ ಕಡ್ಡಿಯಿಂದ ಕಿವಿ ಕೆರೆದುಕೊಳ್ಳುತ್ತ ಕೂತಿದ್ದ ಅಟೆಂಡರ್ ಜವರಯ್ಯ ಅವಳನ್ನು ನೋಡಿ ಎದ್ದು ನಿಂತ. "ಬಂದ್ರಾ ಮಂಗಳವ್ವ. ಒಳಗೆ ಅವ್ರೆ, ಹೋಗಿ. ಮುಖ ಮಾತ್ರ ಸುಟ್ಟ ಬದನೇಕಾಯಂಗೆ ಆಗದೆ."

ನಂಜುಂಡೇಶ್ ಅವಳನ್ನು ಕೂರು ಅನ್ನಲಿಲ್ಲ. ಮುಂದಿದ್ದ ಕಾಗದವನ್ನು ಓದುವವರ ಹಾಗೆ ಮಾಡಿದರು. ಕಾಗದ ತಲೆಕೆಳಗಾಗಿದ್ದದ್ದು ಸರ್ವಮಂಗಳಳಿಗೆ ಕಂಡಿತು. ಹೇಳುವುದೋ ಬೇಡವೋ ಅಂತ ಅವಳು ಯೋಚಿಸುತ್ತಿರುವಾಗಲೇ ಅವರು ತಲೆ ಎತ್ತಿದರು.

"ಏನಮ್ಮ, ಸಂಬಂಧ ಇಲ್ದೋರು ಬಂದಿದ್ದೀರಿ."

"ಸರ್, ನನ್ನ ಮಾರ್ಕ್ಸ್ ಕಾರ್ಡು. ಸೋಮವಾರ ಬೆಳಿಗ್ಗೆ ತೋರಿಸ್ಬೇಕು ಸರ್."

"ತೋರಿಸ್ಬೇಕಾ? ಪಾಪ." ಅವರು ಕುರ್ಚಿಯ ಬೆನ್ನಿಗೆ ಒರಗಿದರು. "ಕೆಲಸದ ಆರ್ಡರಲ್ಲಿ ಏನ್ ಬರ್ದಿದೆ? ನೀನೇ ಟೈಪ್ ಮಾಡಿದ್ದು. ಒಂದು ತಿಂಗಳು. ಯಾಕೆ ಒಂದು ತಿಂಗಳು ಅಂತ ಇಡ್ತಾರೆ ಗೊತ್ತಾ? ಶಿಸ್ತು ಕಲೀಲಿ ಅಂತ. ಈಗೊಂದು ಕೆಲ್ಸ ಮಾಡು. ಒಂದು ತಿಂಗಳು ಬಾ. ಗೇಟ್ ಡ್ಯೂಟಿ ಮಾಡು. ಮುಗಿದ ಮೇಲೆ ನಾನೇ ಕೈಯಾರೆ ಕೊಡ್ತೀನಿ."

"ಒಂದು ತಿಂಗಳಾದ್ರೆ ಕೆಲಸ ಹೋಗುತ್ತೆ ಸರ್."

"ಇಲ್ಲಿ ಕೆಲಸ ಇತ್ತಲ್ಲಮ್ಮ. ಬೇಡ ಅಂದೋಳು ನೀನು. ಮೂವತ್ತು ಜನದಲ್ಲಿ ನಿನ್ನ ಆರಿಸಿದ್ದು ನಾನು. ಹಗಲು ಕಾಲೇಜಿನೋರು ಎಷ್ಟು ಜನ ಇದ್ರು."

ಅವರಿಗೆ ಅವಳ ನೋವಿನ ಜಾಗ ಗೊತ್ತಿತ್ತು. ಸರ್ವಮಂಗಳ ತಲೆ ತಗ್ಗಿಸಿದಳು. ತಪ್ಪು ತನ್ನದೇ, ಒಂದು ಮಾತು ಎದುರಿಗೆ ಹೇಳಿ ಹೋಗಬೇಕಿತ್ತು ಅಂದುಕೊಂಡಳು. ಹಾಗೆ ತಗ್ಗಿಸಿದ ಕಣ್ಣಿಗೇ ಬೀರು ಬಿತ್ತು.

ಅದು ನಂಜುಂಡೇಶರ ಮಾವ ಮದುವೆಯಲ್ಲಿ ಕೊಟ್ಟ ಬೀರು. ಬಾಗಿಲಿಗೆ ಉದ್ದನೆಯ ಕನ್ನಡಿ, ಕನ್ನಡಿಯ ಮೂಲೆಯಲ್ಲಿ ಎರಡು ನವಿಲು. ಮನೆಗೆ ಹೊಸದು ಬಂದಾಗ ಇದು ಸಂಸ್ಥೆಗೆ ಬಂದಿತ್ತು. ಈಗ ಅದರ ಬೀಗದ ತೂತಿನ ಸುತ್ತ ಬಣ್ಣವೆಲ್ಲ ಕೆತ್ತಿಹೋಗಿತ್ತು. ಕೆಳಗೆ ಕೊಬ್ಬರಿ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿತ್ತು. ಪಕ್ಕದಲ್ಲಿ ತುದಿ ಸೊಟ್ಟಗಾದ ಸ್ಕ್ರೂಡ್ರೈವರು.

ಅವಳಿಗೆ ಏನೋ ಹೊಳೆಯಿತು. ತನಗೆ ಹೊಳೆದದ್ದು ಸರಿಯಿರಲಾರದು ಅಂತ ಎಂದಿನ ಹಾಗೆ ತಳ್ಳಿಹಾಕಿದಳು. ಆದರೂ ಕೇಳಿದಳು.

"ಸರ್, ಕಾರ್ಡು ಒಳಗೆ ಇದೆಯಾ ಅಂತ ಒಂದು ಸಲ ನೋಡಿ ಹೇಳಿ ಸರ್. ಅಷ್ಟು ಸಾಕು."

"ಇದೆ."

"ನೋಡಿದ್ರಾ ಸರ್?"

"ನೋಡದೆ ಹೇಳ್ತೀನಾ. ನಿನ್ನೆ ತಾನೇ ನೋಡ್ದೆ. ಮೇಲಿನ ಖಾನೇಲಿ."

ಅಂಕಪಟ್ಟಿಗಳು ಇದ್ದದ್ದು ತೀರ ಕೆಳಗಿನ ಖಾನೆಯಲ್ಲಿ, ಹಾಜರಿ ಪುಸ್ತಕಗಳ ಹಿಂದೆ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಜವರಯ್ಯನಿಗೆ ಕೆಮ್ಮು ಬಂತು.

"ನೆನ್ನೇನೂ ಅದು ಬಾಯೇ ಬುಡಲಿಲ್ಲ ಕಣವ್ವ. ಒಂಬತ್ತು ದಿನ ಆಯ್ತು. ನಗರದಿಂದ ಬೀಗದೋನು ಬಂದ, ಕುಯ್ಯಬೇಕು ಅಂದ. ಕುಯ್ದ್ರೆ ಮಾವ್ನೋರು ಕೊಟ್ಟ ಬೀರು, ಮನೇಲಿ ಅಮ್ಮಾವ್ರು..."

"ಜವರಯ್ಯ, ಚಾ ಮಡಗಿ ಆಚೆ ಹೋಗು."

ಜವರಯ್ಯ ಚಹಾ ಇಟ್ಟ. ಆಚೆ ಹೋಗಲಿಲ್ಲ.

ಸರ್ವಮಂಗಳಳಿಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಆ ಬೀಗ ಏಳು ವರ್ಷದಿಂದ ಹಾಗೇ. ಬಲಗಡೆಯ ಬಾಗಿಲನ್ನು ಹಿಡಿಕೆಯಲ್ಲಿ ಮೇಲೆತ್ತಿ, ಕೆಳಗೆ ಮಂಡಿಯಿಂದ ಒತ್ತಿ, ಕೀಲಿಯನ್ನು ಮೊದಲು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ ಆಮೇಲೆ ಮುಂದಕ್ಕೆ ತಿರುಗಿಸಬೇಕು. ದಿನಕ್ಕೆ ಹತ್ತು ಸಲ ಹಾಗೆ ತೆಗೆದೂ ತೆಗೆದೂ ಅದು ಒಂದು ವಿದ್ಯೆ ಅನ್ನುವುದನ್ನೇ ಅವಳು ಮರೆತಿದ್ದಳು. ಯಾರೂ ಕೇಳಿರಲಿಲ್ಲ. ಹೋಗುವವರಿಂದ ಕೇಳಿ ತಿಳಿದುಕೊಳ್ಳಲಿ ಅಂತಲೇ ಆ ಒಂದು ತಿಂಗಳು ಇರುವುದು ಅನ್ನುವುದು ಈ ಮನುಷ್ಯನಿಗೆ ಇವತ್ತಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗೇಟು ಕಾಯಿಸುವುದು ಒಂದೇ. ಇಂಥವರ ಮುಂದೆ ತಾನು ಏಳು ವರ್ಷ ಉಸಿರು ಬಿಗಿಹಿಡಿದು ನಿಂತಿದ್ದೆನಲ್ಲ ಅನ್ನಿಸಿ ಅವಳಿಗೆ ಅವರ ಮೇಲೆ ಬಂದಷ್ಟೇ ತಾತ್ಸಾರ ತನ್ನ ಮೇಲೂ ಬಂತು.

"ಶಾಲೆಯ ಮಾನ್ಯತೆ ಫೈಲೂ ಒಳಗೇ ಇದೆಯಲ್ಲಾ ಸರ್," ಅಂದಳು. "ಈ ತಿಂಗಳೇ ಇಲಾಖೆಗೆ ಕೊಡೋದು."

ನಂಜುಂಡೇಶ್ ಚಹಾ ಕುಡಿದರು. ಲೋಟ ಕೆಳಗಿಟ್ಟು, ಮೇಜಿನ ಡ್ರಾಯರಿನಿಂದ ಕೀಲಿಯ ಗೊಂಚಲು ತೆಗೆದು ಅವಳ ಕಡೆಗೆ ತಳ್ಳಿದರು. "ಆಯ್ತು ತೆಗಿ. ಫೈಲ್ ಕೊಡು. ನಿಂದು ತಗೊಂಡು ಹೊರಡು. ನನಗೂ ಕರುಣೆ ಇದೆ."

ಅವಳು ಹಿಡಿಕೆ ಎತ್ತಿ, ಮಂಡಿ ಕೊಟ್ಟು, ಕೀಲಿ ತಿರುಗಿಸಿದಳು. ಬಾಗಿಲು ತೆರೆದುಕೊಂಡಿತು. ಫೈಲು ಎತ್ತಿ ಕೊಟ್ಟಳು. ಕೂತು ಕೆಳಗಿನ ಖಾನೆಯಿಂದ ತನ್ನ ಕವರು ತೆಗೆದಳು. ಅಂಕಪಟ್ಟಿ ಒಳಗಿತ್ತು, ಹುಟ್ಟಿದ ದಿನಾಂಕ, ತಂದೆಯ ಹೆಸರು ಎಲ್ಲ ಸರಿಯಿತ್ತು. ಅಷ್ಟಕ್ಕೆ ಎದ್ದು ಹೋಗಬಹುದಿತ್ತು. ಅವಳ ಕೈ ರಿಜಿಸ್ಟರಿನ ಕಡೆ ಹೋಯಿತು.

"ಪಡೆದವರು ಅಂತ ನಾನು ಸೈನ್ ಮಾಡ್ತೀನಿ ಸರ್. ಕೊಟ್ಟವರು ಅಂತ ನೀವು ಮಾಡಿ."

"ನಾನು ಕೊಟ್ಟೆ ಅಂತ ಬರೆದುಕೊಟ್ರೆ ನಾಳೆ ಎಲ್ರೂ ಕೇಳ್ತಾರೆ. ಸೈನ್ ಗೀನ್ ಇಲ್ಲ. ಮುಚ್ಚು ಅದನ್ನ."

"ಎಲ್ರೂ ಬಂದಾಗಿದೆ ಸರ್," ಅಂದ ಜವರಯ್ಯ.

ಶನಿವಾರದ ಅರ್ಧ ದಿನ ಮುಗಿದಿತ್ತು. ಬಾಗಿಲಲ್ಲಿ ಹಾಜರಿ ಪುಸ್ತಕ ಇಡಲು ಬಂದ ಶಿಕ್ಷಕಿಯರು. ಎಲ್ಲರಿಗಿಂತ ಮುಂದೆ ಗಣಿತದ ಶಾಂತಲಾ. ಅವಳ ಕಣ್ಣು ತೆರೆದ ಬೀರುವಿನಲ್ಲಿತ್ತು. ಮೂರು ತಿಂಗಳ ಹಿಂದೆ ಹುಣಸೂರಿನಲ್ಲಿ ಒಳ್ಳೆಯ ಶಾಲೆಯೊಂದು ಕರೆದಿದೆ, ಒಂದೇ ದಿನಕ್ಕೆ ಅಂಕಪಟ್ಟಿ ಕೊಡಿ ಅಂತ ಇದೇ ಶಾಂತಲಾ ಸರ್ವಮಂಗಳಳ ಮೇಜಿನ ಮುಂದೆ ನಿಂತಿದ್ದಳು. ಬುಧವಾರ ಬನ್ನಿ, ಸರ್ ಇಲ್ಲ, ಅಂದಿದ್ದಳು ಸರ್ವಮಂಗಳ. ಬುಧವಾರ ಇನ್ನೊಂದು ಬುಧವಾರ ಹೇಳಿದ್ದಳು. ಹುಣಸೂರಿನವರು ಕಾಯಲಿಲ್ಲ.

"ಬೀರು ನಿಮಗೆ ಬೇಕಾದಾಗ ತೆರೆಯುತ್ತೆ ಅಲ್ವಾ ಮೇಡಂ," ಅಂದಳು ಶಾಂತಲಾ. "ನಿಮ್ಮದಾದ್ರೆ ಶನಿವಾರನೂ ಆಗುತ್ತೆ."

ಸರ್ವಮಂಗಳ ರಿಜಿಸ್ಟರಿನ ಮೇಲಿಂದ ಕೈ ತೆಗೆದಳು.

"ಮುಚ್ಚಮ್ಮ," ಅಂದರು ನಂಜುಂಡೇಶ್.

"ಮುಚ್ಚಿದ್ರೆ ಸೋಮವಾರ ನಿಮಗೆ ತೆಗಿಯೋಕೆ ಬರಲ್ಲ ಸರ್. ತೋರಿಸಿಕೊಟ್ಟು ಹೋಗ್ತೀನಿ. ಬನ್ನಿ, ಐದು ನಿಮಿಷ. ಹಿಡಿಕೆ ಹಿಡ್ಕೊಂಡು ಮಂಡಿ ಇಲ್ಲಿಗೆ ಕೊಡಿ."

ಅವಳು ಅದನ್ನು ಸವಾಲಿಗೆ ಹೇಳಲಿಲ್ಲ. ಕೆಲಸ ಒಪ್ಪಿಸದೆ ಹೋದದ್ದು ಒಂಬತ್ತು ದಿನದಿಂದ ಅವಳನ್ನು ಕೊರೆಯುತ್ತಿತ್ತು. ನಿಜಕ್ಕೂ ಒಪ್ಪಿಸಬೇಕೆಂದೇ ಹೇಳಿದಳು. ನಂಜುಂಡೇಶ್ ಬಾಗಿಲಲ್ಲಿದ್ದವರನ್ನು ನೋಡಿದರು, ಇಸ್ತ್ರಿ ಮಾಡಿದ ತಮ್ಮ ಬಿಳಿ ಪ್ಯಾಂಟಿನ ಮಂಡಿಯನ್ನು ನೋಡಿದರು.

"ಇಷ್ಟು ಜನರ ಮುಂದೆ ನೀನು ನನಗೆ ಪಾಠ ಹೇಳ್ತೀಯಾ? ಬೇರೆ ಯಾರಿಗಾದ್ರೂ ಹೇಳು."

"ನಂಗೆ ಮಂಡಿ ನೋವು," ಅಂದ ಜವರಯ್ಯ, ಯಾರೂ ಕೇಳುವ ಮೊದಲೇ.

"ನನಗೆ ಹೇಳಿಕೊಡಿ," ಅಂದು ಶಾಂತಲಾ ಚಪ್ಪಲಿ ಬಿಟ್ಟು ಒಳಗೆ ಬಂದಳು.

ಸರ್ವಮಂಗಳ ಬಾಗಿಲು ಮುಚ್ಚಿ ಬೀಗ ಹಾಕಿ, ಅವಳ ಕೈಯನ್ನು ಹಿಡಿಕೆಯ ಮೇಲಿಟ್ಟಳು. "ಮೇಲಕ್ಕೆತ್ತಿ. ಮಂಡಿ ಇಲ್ಲಿ. ಈಗ ಹಿಂದಕ್ಕೆ ಅರ್ಧ ಸುತ್ತು. ಟಕ್ ಅಂತಲ್ಲ, ಆಗ ಮುಂದಕ್ಕೆ." ಮೊದಲ ಸಲ ಆಗಲಿಲ್ಲ. ಎರಡನೇ ಸಲ ತೆರೆಯಿತು. ಮತ್ತೆ ಮುಚ್ಚಿ ಮತ್ತೆ ತೆರೆದಳು. ಮೂರನೇ ಸಲ ತೆರೆದವಳು ಮುಚ್ಚಲಿಲ್ಲ. ಕೂತು, ಕೆಳಗಿನ ಖಾನೆಯಲ್ಲಿ ತನ್ನ ಹೆಸರು ಹುಡುಕತೊಡಗಿದಳು.

"ಏಯ್, ಅದನ್ನ ಮುಟ್ಟಬೇಡ," ಅಂದರು ನಂಜುಂಡೇಶ್.

ಶಾಂತಲಾ ಕವರು ಎತ್ತಿಕೊಂಡು ಸರ್ವಮಂಗಳಳ ಮುಖ ನೋಡಿದಳು. ಬುಧವಾರ ಅನ್ನುತ್ತಾಳೋ ಏನೋ ಅನ್ನುವ ನೋಟ ಅದು. ಸರ್ವಮಂಗಳ ರಿಜಿಸ್ಟರು ತೆರೆದಳು. ತನ್ನ ಹೆಸರಿನ ಮುಂದೆ 'ಪಡೆದವರು' ಕಾಲಮ್ಮಿನಲ್ಲಿ ಸಹಿ ಹಾಕಿದಳು. 'ಕೊಟ್ಟವರು' ಕಾಲಮ್ಮಿನಲ್ಲಿ, ಯಾರಿಗೂ ಓದಲು ಬರುವ ಅಕ್ಷರದಲ್ಲಿ ಬರೆದಳು: ಕಾರ್ಯದರ್ಶಿಗಳು ಎದುರಿಗೇ ಇದ್ದರು, ಸಹಿ ಹಾಕಲು ಒಪ್ಪಲಿಲ್ಲ. ದಿನಾಂಕ, ಸಮಯ ಹಾಕಿ ಪೆನ್ನನ್ನು ಶಾಂತಲಾಳ ಕಡೆ ಚಾಚಿದಳು.

"ನಾನೇನು ಬರೀಲಿ?"

"ಮೇಲೆ ಬರೆದದ್ದೇ. ಸದರಿ, ಅಂತ ಬರೀರಿ."

ಉಳಿದವರು ಸಾಲು ನಿಂತರು. ನಂಜುಂಡೇಶ್ ಇಲಾಖೆಯ ಹೆಸರು ಹೇಳಿದರು, ಪೊಲೀಸರ ಹೆಸರು ಹೇಳಿದರು, ಕುಟುಂಬ ಅನ್ನುವ ಮಾತನ್ನೂ ಒಂದು ಸಲ ಹೇಳಿದರು. ಬೀರುವಿನ ಕನ್ನಡಿಯಲ್ಲಿ ನವಿಲುಗಳ ನಡುವೆ ಅವರ ಬಾಯಿ ಆಡುತ್ತಿತ್ತು. ಪುಟದ ತುಂಬ ಸದರಿ, ಸದರಿ, ಸದರಿ.

ಏಳು ವರ್ಷದ ಅನುಭವ ಪತ್ರ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಕೇಳಿದ್ದರೂ ಅವರು ಕೊಡುತ್ತಿರಲಿಲ್ಲ. ಆ ಏಳು ವರ್ಷ ಕಾಗದದ ಮೇಲೆ ಇಲ್ಲದ ಹಾಗೆಯೇ ಉಳಿಯಿತು. ಅವಳು ಕೀಲಿಯ ಗೊಂಚಲನ್ನು ಮೇಜಿನ ಮೇಲಿಟ್ಟಳು.

"ಬೀಗ ಹಾಕೋರ್ಯಾರು?" ಅಂದರು ನಂಜುಂಡೇಶ್. ಅವಳನ್ನೇ ಕೇಳಿದ್ದು.

"ಒಳಗೆ ಇನ್ನೇನದೆ ಅಂತ ಹಾಕದು ಸರ್," ಅಂದ ಜವರಯ್ಯ, ಚಹಾದ ಲೋಟ ಎತ್ತಿಕೊಳ್ಳುತ್ತ.